ಪುಟ್ಟಬಸಮ್ಮನ ದೊಡ್ಡ ಊದುಗೊಳವೆ

ಪುಟ್ಟಬಸಮ್ಮ ತಪ್ಪು ಮಾಡಿದ್ದನ್ನು ನೋಡಿದವರುಂಟು. ತಪ್ಪಾಯಿತು ಎಂದದ್ದನ್ನು ಕೇಳಿದವರು ನಂಜನಗೂಡಿನಲ್ಲಿ ಒಬ್ಬರೂ ಇಲ್ಲ. ಮೂಗೂರಿನಲ್ಲಿ ಹುಟ್ಟಿ, ಹೆಡತಲೆಗೆ ಸೊಸೆಯಾಗಿ ಬಂದು, ಬೆಲ್ಲದ ವ್ಯಾಪಾರ ಮಾಡುತ್ತಿದ್ದ ಗಂಡ ಶಿವಮಲ್ಲಪ್ಪ ತೀರಿಕೊಂಡ ಮೇಲೆ ಮಗನ ಜೊತೆ ನಂಜನಗೂಡು ಸೇರಿದವಳು. ಗಿಡ್ಡ ಆಳು, ಹಣೆ ತುಂಬ ವಿಭೂತಿ, ಮಾತು ಮಾತ್ರ ಮೂರು ಮನೆಯಾಚೆಗೆ ಕೇಳಬೇಕು. ಅವಳ ಒಗ್ಗರಣೆಯ ಘಮವೂ ಅಷ್ಟೇ ದೂರ ಹೋಗುತ್ತಿತ್ತು.

ಮದುವೆಯಾಗಿ ಬಂದ ವರ್ಷವೇ ಅತ್ತೆ ಅವಳ ಕೈಗೆ ಸೌಟು ಕೊಟ್ಟು, "ಸೋಮವಾರ ಸೋಮವಾರ ಅಯ್ಯನೋರಿಗೆ ಪರ್ಸಾದ ನಿನ್ನ ಕೈಯಿಂದ್ಲೇ ಆಗ್ಬೇಕು. ಕೈಕಾಲು ಆಡೋಗಂಟ ಬೇರೆಯೋರ್ಗೆ ಬುಡಬ್ಯಾಡ" ಎಂದಿದ್ದಳು. ಅವತ್ತಿನಿಂದ ಪ್ರತಿ ಸೋಮವಾರ ಮಠದ ಅಯ್ಯನವರೊಬ್ಬರು ಮನೆಗೆ ಬರುವುದು, ಪುಟ್ಟಬಸಮ್ಮ ತಾನೇ ಬೇಯಿಸಿ ತಾನೇ ಬಡಿಸುವುದು ನಡೆದುಕೊಂಡು ಬಂತು. ಬಾಣಂತನದ ದಿನಗಳನ್ನು ಬಿಟ್ಟರೆ ಅದು ತಪ್ಪಿದ್ದಿಲ್ಲ. ಅವಳಿಗೆ ಒಡವೆಯ ಆಸೆ ಅಷ್ಟಕ್ಕಷ್ಟೇ, ಸೀರೆಯದಂತೂ ಇಲ್ಲವೇ ಇಲ್ಲ. ಇದೊಂದೇ ಅವಳ ಹೆಚ್ಚುಗಾರಿಕೆ.

ಹೆಡತಲೆಯ ಹಳೆಯ ಮನೆಯಲ್ಲಿ ಮಣ್ಣಿನ ಒಲೆ, ಮೇಲೆ ಹೆಂಚು. ಹೊಗೆ ಹೆಂಚಿನ ಸಂದಿಯಲ್ಲಿ ನುಸುಳಿ ತನ್ನ ದಾರಿ ತಾನು ನೋಡಿಕೊಳ್ಳುತ್ತಿತ್ತು. ಮಳೆಗಾಲದ ಹಸಿ ಸೌದೆಗೆ ಮಾತ್ರ ಊದುಗೊಳವೆಯೇ ಗತಿ. ಅವಳದು ಕಬ್ಬಿಣದ್ದು, ಮೊಳದುದ್ದದ್ದು. ತುಟಿ ತಾಗಿ ತಾಗಿ ಬಾಯಿಯ ಕಡೆ ನುಣ್ಣಗೆ ಹೊಳೆಯುತ್ತಿತ್ತು. ಊದಿದಷ್ಟೂ ಒಲೆ ಉರಿಯಿತು, ಎಳೆದುಕೊಂಡಷ್ಟೂ ಹೊಗೆ ಎದೆಗೆ ಹೋಯಿತು. ಐವತ್ತು ದಾಟುವ ಹೊತ್ತಿಗೆ ಉಬ್ಬಸ ಬಂದು ಕೂತಿತು.

ತೊಂಬತ್ತೆಂಟನೇ ಇಸವಿಯಲ್ಲಿ ಮಗ ನಂಜೇಶ್ ನಂಜನಗೂಡಿನಲ್ಲಿ ಆರ್‌ಸಿಸಿ ಮನೆ ಕಟ್ಟಿಸಿದ. ವಾಸ್ತು ಹೇಳುವವನು ಬಂದು, ಅಡುಗೆಮನೆ ಆಗ್ನೇಯದಲ್ಲೇ ಇರಬೇಕು ಎಂದು ಕೈ ತೋರಿಸಿ ಎಲೆ ಅಡಿಕೆ ತಗೊಂಡು ಹೋದ. ಆಗ್ನೇಯದಲ್ಲಿ ಪಕ್ಕದ ಮನೆಯ ಗೋಡೆ ಅಂಟಿಕೊಂಡು ನಿಂತಿದೆ ಅನ್ನುವುದು ಅವನಿಗೆ ಸಂಬಂಧವಿಲ್ಲದ ವಿಷಯ. ಕಿಟಕಿ ತೆಗೆದರೆ ಇಟ್ಟಿಗೆ ಕಾಣುತ್ತಿತ್ತು. ಗ್ಯಾಸ್ ಒಲೆ ಬಂದು ಸೌದೆಯ ಹೊಗೆ ತಪ್ಪಿತೇನೋ ನಿಜ. ಆದರೆ ಒಣಮೆಣಸಿನಕಾಯಿ ಹುರಿದ ಘಾಟು ಎಲ್ಲಿಗೆ ಹೋಗಬೇಕು? ಅದು ಅಡುಗೆಮನೆಯೊಳಗೇ ಸುತ್ತಿ ಸುತ್ತಿ ಕೊನೆಗೆ ಪುಟ್ಟಬಸಮ್ಮನ ಎದೆಯನ್ನೇ ಹುಡುಕಿಕೊಂಡು ಬರುತ್ತಿತ್ತು.

ಡಾಕ್ಟರು ಎದೆಗೆ ಕೊಳವೆ ಇಟ್ಟು ಕೇಳಿ, "ಅಡಿಗೆ ಸೊಸೆಗೆ ಬಿಡಿ ಅಮ್ಮ, ಒಲೆ ಹತ್ರ ಹೋಗ್ಬೇಡಿ" ಎಂದರು. ಪುಟ್ಟಬಸಮ್ಮ ಅಡುಗೆ ಬಿಡಲಿಲ್ಲ, ಡಾಕ್ಟರನ್ನು ಬಿಟ್ಟಳು.

ನಂಜೇಶನಿಗೆ ಇದಕ್ಕೆ ಉಪಾಯ ಗೊತ್ತಿತ್ತು. ಇಂಡಸ್ಟ್ರಿಯಲ್ ಏರಿಯಾದ ಫ್ಯಾಕ್ಟರಿಯೊಂದರಲ್ಲಿ ಗಾಳಿ ಎಳೆಯುವ ಫ್ಯಾನು, ಕೊಳವೆ ನೋಡಿಕೊಳ್ಳುವುದೇ ಅವನ ಕೆಲಸ. ಒಲೆಯ ಮೇಲೆ ತಗಡಿನ ಮುಚ್ಚಿಗೆ, ಅದರಿಂದ ಒಂದು ಮೊಳ ತಗಡಿನ ಕೊಳವೆ, ಅಲ್ಲಿಂದ ಬಚ್ಚಲ ಅಟ್ಟದ ಮೇಲೆ ಹಾದು ಹಿತ್ತಲಿಗೆ ಹೋಗುವ ಪೈಪು, ಪೈಪಿನ ಕೊನೆಗೆ ಫ್ಯಾನು. ಒಂದು ಭಾನುವಾರ ನಾಲ್ಕಿಂಚಿನ ಬೂದು ಬಣ್ಣದ ಪಿವಿಸಿ ಪೈಪನ್ನು ಹೆಗಲ ಮೇಲಿಟ್ಟುಕೊಂಡು ಬಂದ. ಪುಟ್ಟಬಸಮ್ಮ ಬಾಗಿಲಿಗೇ ಅಡ್ಡ ನಿಂತಳು.

"ಏನ್ಲಾ ಅದು?"

"ಪೈಪು ಕನವ್ವ. ಅಡಿಗೆಮನೆ ಹೊಗೆಗೆ."

"ಕಕ್ಕಸ್ಸಿನ ಪೈಪಲ್ವೇನ್ಲಾ ಅದು? ಎಲ್ಲಾರ ಮನೆ ಹಿಂದ್ಗಡೆ ನೋಡಿವ್ನಿ. ಅದನ್ನ ತಂದು ನನ್ನ ಒಲೆ ಮ್ಯಾಲೆ ಕಟ್ಟೀಯಾ? ಅಯ್ಯನೋರು ಪರ್ಸಾದ ಮಾಡೋ ಮನೆ ಕಣ್ಲಾ ಇದು!"

"ಹೊಸಾ ಪೈಪವ್ವ, ಅದ್ರೊಳ್ಗೆ ಏನೂ ಓಗಿಲ್ಲ. ದುಂಡ್‌ಗೆ, ಗಟ್ಟಿಗೆ ಇರೋದೇ ಇದು. ಗಾಳಿ ಸಲೀಸಾಗಿ ಓಯ್ತದೆ."

"ಓಗ್ಲಿ ನೀನೂ ಅದ್ರ ಜೊತೇಲೇ ಓಗು!"

ಸೊಸೆ ಅರ್ಪಿತ ಒಳಗೆ ಸೆರಗು ಬಾಯಿಗಿಟ್ಟು ನಕ್ಕಳು. ಪೈಪು ಹಿತ್ತಲಲ್ಲಿ ಬಟ್ಟೆ ಒಣಹಾಕುವ ಗಳುವಾಯಿತು. ಪುಟ್ಟಬಸಮ್ಮ ತಾನೇ ಮಗನನ್ನು ಮೈಸೂರಿಗೆ ಹೊರಡಿಸಿಕೊಂಡು ಹೋಗಿ, ಅಂಗಡಿ ಅಂಗಡಿ ಹತ್ತಿಳಿದು, ಬೆಳ್ಳಿಯ ಹಾಗೆ ಹೊಳೆಯುವ ಸುರುಳಿ ಪೈಪೊಂದನ್ನು ಆರಿಸಿದಳು. ಎಳೆದರೆ ಉದ್ದ, ಅದುಮಿದರೆ ಗಿಡ್ಡ, ಎಲ್ಲಿ ಬೇಕಾದರೂ ಬಗ್ಗುತ್ತದೆ. ನಂಜೇಶ್ ಅದು ಬೇಡವೆಂದು ಹೇಳಲು ಬಾಯಿ ತೆಗೆದು, ಅವ್ವನ ಮುಖ ನೋಡಿ ದುಡ್ಡು ಎಣಿಸಿದ.

ಶುರುವಿನಲ್ಲಿ ಅದು ಚೆನ್ನಾಗಿಯೇ ನಡೆಯಿತು. ಪುಟ್ಟಬಸಮ್ಮ ಬಂದವರನ್ನೆಲ್ಲ ಅಡುಗೆಮನೆಗೆ ಕರೆದು, ತಲೆ ಎತ್ತಿಸಿ, ಬೆಳ್ಳಿ ಪೈಪು ತೋರಿಸಿ ಕಳಿಸುತ್ತಿದ್ದಳು. ಆದರೆ ವರ್ಷ ತಿರುಗುವುದರೊಳಗೆ ಅದು ಅಲ್ಲಲ್ಲಿ ಜೋತುಬಿತ್ತು. ಫ್ಯಾನು ಹುಯ್ಯೋ ಎಂದು ತಿರುಗುತ್ತಿತ್ತು, ಹೊಗೆ ಮಾತ್ರ ಅಲುಗುತ್ತಿರಲಿಲ್ಲ. ಪೈಪಿನದೇ ತಪ್ಪು ಎಂದು ನಂಜೇಶ್ ಹೇಳಿದರೆ ಅವಳು ಒಪ್ಪುವುದಿಲ್ಲ. ಫ್ಯಾನು ಸರಿಯಿಲ್ಲ ಅನ್ನುತ್ತಿದ್ದಳು, ಕರೆಂಟು ಕಮ್ಮಿ ಅನ್ನುತ್ತಿದ್ದಳು, ಒಂದು ದಿನ ಮೆಣಸಿನಕಾಯಿಯೇ ಈ ಸಲ ಖಾರ ಜಾಸ್ತಿ ಎಂದಳು.

ಹಾಗಿರುವಾಗ ಒಂದು ಸೋಮವಾರ. ಅಯ್ಯನವರು ಬಂದು ನಡುಮನೆಯಲ್ಲಿ ಕೂತಿದ್ದರು. ಹುಳಿಪುಡಿಗೆ ಮೆಣಸಿನಕಾಯಿ ಹುರಿಯುತ್ತಿದ್ದ ಪುಟ್ಟಬಸಮ್ಮನಿಗೆ ಕೆಮ್ಮು ಎದ್ದಿತು. ಅದು ನಿಲ್ಲಲಿಲ್ಲ. ಎದೆ ಸುಯ್ ಸುಯ್ ಅಂದಿತು, ಕೈಯಿಂದ ಸೌಟು ಜಾರಿ ನೆಲಕ್ಕೆ ಬಿತ್ತು. ಅರ್ಪಿತ ಓಡಿ ಬಂದು ತೋಳು ಹಿಡಿದು ಹೊರಗೆ ಜಗುಲಿಗೆ ಕೂರಿಸಿದಳು. "ನೀವು ಕೂತ್ಕೊಳ್ಳಿ ಅತ್ತೆ, ನಾನು ಮಾಡ್ತೀನಿ" ಎಂದು ಒಳಗೆ ಹೋದಳು. ಅವತ್ತು ಬಡಿಸಿದವಳು ಸೊಸೆ. ಎಲೆ ಹಾಕಿದ್ದು, ಅನ್ನ ಬಡಿಸಿದ್ದು, ಅಯ್ಯನವರು ಸಾಕು ತಾಯಿ ಎಂದದ್ದು, ಎಲ್ಲವೂ ಜಗುಲಿಯಲ್ಲಿ ಕೂತವಳ ಕಿವಿಗೆ ಬೀಳುತ್ತಿತ್ತು. ಪುಟ್ಟಬಸಮ್ಮ ಅತ್ತುಬಿಟ್ಟಳು. ಉಬ್ಬಸಕ್ಕೆ ಅವಳು ಎಂದೂ ಅತ್ತವಳಲ್ಲ. ಇನ್ನು ಮೇಲೆ ಸೋಮವಾರ ಬಂದರೆ ತನ್ನ ಜಾಗ ಈ ಜಗುಲಿ ಎಂದು ಅವಳಿಗೆ ಭಯವಾಗಿತ್ತು. ಅತ್ತೆಗೆ ಕೊಟ್ಟ ಮಾತು ಕೈಕಾಲು ಆಡುತ್ತಿರುವಾಗಲೇ ಹೋಯಿತಲ್ಲ ಎಂದು ಸಂಕಟವಾಗಿತ್ತು.

ಸಂಜೆ ನಂಜೇಶ್ ಏಣಿ ಹಾಕಿ ಸುರುಳಿ ಪೈಪನ್ನು ಬಿಚ್ಚಿ ಹಿತ್ತಲಿಗೆ ತಂದ. ಜೋತುಬಿದ್ದ ಕಡೆಯೆಲ್ಲ ಎಣ್ಣೆ ನೀರು ನಿಂತು ಗಬ್ಬೆದ್ದಿತ್ತು. ಪುಟ್ಟಬಸಮ್ಮ ಎದ್ದು ಬಂದು ಅದರೊಳಗೆ ಕೈ ಹಾಕಿ ಸವರಿದಳು. ಬೆರಳು ಮಡಿಕೆಯಿಂದ ಮಡಿಕೆಗೆ ತಡವರಿಸಿಕೊಂಡು ಹೋಯಿತು, ಪ್ರತಿ ಮಡಿಕೆಯಲ್ಲೂ ಜಿಡ್ಡು. ಅವಳು ಬೆರಳನ್ನು ಗೋಡೆಗೆ ಒರೆಸಿ ಸೊಸೆಯನ್ನು ಕೂಗಿದಳು.

"ಅರ್ಪಿತಾ, ಅಟ್ಟದ ಮ್ಯಾಲೆ ನನ್ನ ಹಳೇ ಊದುಗೊಳವೆ ಅದೆ, ಇಳ್ಸವ್ವ."

ಅರ್ಪಿತ ತಂದುಕೊಟ್ಟಳು. ಪುಟ್ಟಬಸಮ್ಮನಿಗೆ ಹೆಡತಲೆಯ ಒಂದು ಬೆಳಗು ನೆನಪಿಗೆ ಬಂದಿತ್ತು. ಅವಳ ಮೊದಲ ಊದುಗೊಳವೆಯನ್ನು ಎಮ್ಮೆ ತುಳಿದು ನಡುವೆ ನೆಗ್ಗಿಹೋಗಿತ್ತು. ಅಂದು ಅವಳು ಕಣ್ಣುಗುಡ್ಡೆ ಕಿತ್ತು ಬರುವಂತೆ ಊದಿದರೂ ಒಲೆ ಹತ್ತಲಿಲ್ಲ. ಊದಿದ ಉಸಿರನ್ನೆಲ್ಲ ಆ ನೆಗ್ಗೇ ನುಂಗುತ್ತಿತ್ತು. ಅತ್ತೆ ಅದನ್ನು ತಿಪ್ಪೆಗೆಸೆದು ಈ ಹೊಸದನ್ನು ತರಿಸಿದ್ದಳು.

ಈಗ ಜಗುಲಿಯ ಮೇಲೆ ಬತ್ತಿ ಹೊಸೆಯಲು ಇಟ್ಟಿದ್ದ ಹತ್ತಿಯ ಎದುರು ಕೂತು, ಕೊಳವೆಯನ್ನು ತುಟಿಗಿಟ್ಟು, ಎದೆಯಲ್ಲಿ ಉಳಿದಿದ್ದ ಅಷ್ಟಿಷ್ಟು ಉಸಿರನ್ನೇ ಮೆಲ್ಲಗೆ ಬಿಟ್ಟಳು. ಹತ್ತಿ ಹಾರಿ ಅಂಗಳಕ್ಕೆ ಬಿತ್ತು.

"ನೋಡುದ್ಯೇನ್ಲಾ? ಕೊಳವೆ ಅಂದ್ರೆ ದುಂಡ್‌ಗಿರ್ಬೇಕು, ಗಟ್ಟಿಗಿರ್ಬೇಕು, ಒಳ್ಗೆ ನುಣ್ಣಗಿರ್ಬೇಕು. ಇಷ್ಟು ದಿನ ಫ್ಯಾಕ್ಟರೀಲಿ ಏನ್ ಕಲ್ತೆ ನೀನು? ಈ ನೆಗ್ಗುನೆಗ್ಗು ಪೈಪ ಯಾರ್ಲಾ ತರೋಕೇಳಿದ್ದು?"

ನಂಜೇಶ್ ಏಣಿಯನ್ನು ಹಿಡಿದುಕೊಂಡು, "ಆಯ್ತು ಕನವ್ವ, ನಂದೇ ತಪ್ಪು" ಎಂದ. ಬುದ್ಧಿವಂತ ಮಗ.

ಮಾರನೆಯ ದಿನ ಅಂಗಡಿಗೂ ಅವಳೇ ಹೊರಟಳು. ಹಿತ್ತಲಲ್ಲಿ ಇದ್ದ ಪೈಪು ಬಿಸಿಲಿಗೆ ಬಿದ್ದು ಬಿಲ್ಲಿನಂತೆ ಬಗ್ಗಿಹೋಗಿತ್ತು, ಅದು ಅವಳಿಗೆ ಬೇಡ. ಬಜಾರಿನಲ್ಲಿ ಪೈಪು, ನಲ್ಲಿ ಮಾರುವ ಸೋಮಶೇಖರ್ ನಾಲ್ಕಿಂಚಿನ ಪೈಪು ಕೇಳಿದವಳನ್ನು ನೋಡಿ, "ಏನವ್ವಾರೆ, ಇನ್ನೊಂದು ಲೆಟ್ರಿನ್ ಕಟ್ಟಿಸ್ತಾ ಇದ್ದೀರಾ?" ಎಂದ.

"ಅಡಿಗೆಮನೆಗೆ ಕನಪ್ಪ. ನೀ ಪೈಪ್ ತೆಗಿ."

ಅವನು ತೆಗೆದಿಟ್ಟ ತೆಳು ಪೈಪನ್ನು ಎರಡು ಕೈಯಲ್ಲಿ ಅದುಮಿದಳು. ಅದು ಬಾಯಿ ಚಪ್ಪಟೆ ಮಾಡಿತು; ಬೇಡವೆಂದಳು. ದಪ್ಪನೆಯದನ್ನು ಅದುಮಿದಳು, ಅದು ಜಗ್ಗಲಿಲ್ಲ. ಅದನ್ನು ಎತ್ತಿಸಿ, ಒಂದು ಕಣ್ಣು ಮುಚ್ಚಿ, ಬೀದಿಯ ಕಡೆ ಹಿಡಿದು ನೋಡಿದಳು. ಆ ತುದಿಯ ದುಂಡನೆಯ ಬೆಳಕಿನಲ್ಲಿ ನಂಜುಂಡೇಶ್ವರನ ಗೋಪುರದ ತುದಿ ಕಂಡಿತು. ಇದೇ ಆಗಲಿ ಎಂದಳು. ಮೂಲೆಗೆ ಏನು ಹಾಕುವುದು ಎಂಬ ಮಾತು ಬಂದಾಗ ಜೊತೆಗೆ ಬಂದಿದ್ದ ನಂಜೇಶ್, ನೇರ ಮೂಲೆಯ ತುಂಡು ಬೇಡ, ಓರೆ ತುಂಡು ಎರಡು ಕೊಡಿ, ಗಾಳಿ ಗೋಡೆಗೆ ಗುದ್ದಬಾರದು ಎಂದ. ಪುಟ್ಟಬಸಮ್ಮ ತಲೆಯಾಡಿಸಿ, "ಅದನ್ನೇ ನಾನೂ ಏಳ್ಬೇಕೂಂತಿದ್ದೆ" ಎಂದಳು.

ಶನಿವಾರ ಪೈಪು ಏರಿತು. ಪೈಪು ಜೋತುಬೀಳದಂತೆ ಮೊಳಕ್ಕೊಂದು ಕಬ್ಬಿಣದ ಪಟ್ಟಿ ಬಿಗಿದು, ನೀರು ಒಳಗೆ ನಿಲ್ಲದಂತೆ ಹಿತ್ತಲ ಕಡೆ ಒಂಚೂರು ಇಳಿಜಾರು ಬಿಟ್ಟು, ಹೊರಬಾಯಿಗೆ ಅಳಿಲು ನುಗ್ಗದಂತೆ ಜಾಲರಿ ಕಟ್ಟಿದ ನಂಜೇಶ್. ಪಕ್ಕದ ಮನೆಯ ಮಲ್ಲಾಜಮ್ಮ ನೋಡಲು ಬಂದವಳು ಕೆನ್ನೆಗೆ ಬೆರಳಿಟ್ಟಳು.

"ಅಯ್ಯೋ ಶಿವ್ನೆ! ಅಕ್ಕ, ಅಡಿಗೆಮನೇಲಿ ಕಕ್ಕಸ್ ಪೈಪಾ?"

ಪುಟ್ಟಬಸಮ್ಮ ನೆಟ್ಟಗೆ ದೇವರ ಮನೆಗೆ ಹೋದಳು. ವಿಭೂತಿ ತಂದು, ಮಗನನ್ನು ಏಣಿಯಿಂದ ಇಳಿಸಿ ತಾನು ಎರಡು ಮೆಟ್ಟಿಲು ಹತ್ತಿ, ಬೂದು ಪೈಪಿನ ಮೇಲೆ ಮೂರು ಬೆರಳು ಎಳೆದಳು. ಇಳಿದು ಬಂದು ಕೆಂಡಕ್ಕೆ ಸಾಂಬ್ರಾಣಿ ಹಾಕಿ, ಧೂಪವನ್ನು ತಗಡಿನ ಮುಚ್ಚಿಗೆಯ ಕೆಳಗೆ ಹಿಡಿದು, ಫ್ಯಾನು ಹಾಕು ಎಂದಳು. ಬಿಳಿ ಹೊಗೆ ಅತ್ತಿತ್ತ ನೋಡದೆ ಮೇಲೆ ಹೋಯಿತು. ಹಿತ್ತಲಲ್ಲಿ ನಿಂತಿದ್ದ ಅರ್ಪಿತ, "ಬಂತು ಅತ್ತೆ, ಬಂತು!" ಎಂದು ಕೂಗಿದಳು.

"ಮೊದ್ಲು ಕುಡಿದಿರೋದು ದೇವ್ರ ಧೂಪವ. ಇನ್ನ್ ಯಾವ ಕಕ್ಕಸ್ಸು?" ಎಂದಳು ಪುಟ್ಟಬಸಮ್ಮ. "ಯಾವೂರ್ ಕಕ್ಕಸ್ಸಿಗೆ ಇಬೂತಿ ಅಚ್ಚವ್ರೆ, ತೋರ್ಸು ನೋಡ್ವ."

ಮಲ್ಲಾಜಮ್ಮ ತೋರಿಸಲಿಲ್ಲ. ಎರಡು ತಿಂಗಳ ಮೇಲೆ ಅವಳ ಮನೆಗೂ ಅದೇ ಪೈಪು ಬಂತು, ಆರಿಸಿ ಕೊಟ್ಟವಳು ಯಾರೆಂದು ಬೇರೆ ಹೇಳಬೇಕಾಗಿಲ್ಲ. ಆಮೇಲಿನ ವರ್ಷಗಳಲ್ಲಿ ಆ ಬೀದಿಯಲ್ಲಿ ಯಾರೇ ಮನೆ ಕಟ್ಟಲಿ, ಪುಟ್ಟಬಸಮ್ಮ ಸೋಮಶೇಖರನ ಅಂಗಡಿಗೆ ಹೋಗಿ ಒಂದು ಕಣ್ಣು ಮುಚ್ಚಿ ಗೋಪುರ ನೋಡಿ ಬರುವುದು ರೂಢಿಯಾಯಿತು.

ಆದರೆ ನಾನು ಹೇಳಬೇಕಾದದ್ದು ಪೈಪು ಏರಿದ ಮೇಲಿನ ಮೊದಲ ಸೋಮವಾರದ ಮಾತು. ಬೆಳಿಗ್ಗೆ ಅವಳು ಬಾಣಲೆ ಇಟ್ಟು ಬೇಕೆಂದೇ ಒಂದು ಹಿಡಿ ಮೆಣಸಿನಕಾಯಿ ಜಾಸ್ತಿ ಹಾಕಿದಳು. ಅರ್ಪಿತ ಬಾಗಿಲಲ್ಲಿ ನೀರಿನ ಚೊಂಬು ಹಿಡಿದು ಕಾದು ನಿಂತಳು. ಮೆಣಸಿನಕಾಯಿ ಕಪ್ಪಗಾಗುವವರೆಗೂ ಹುರಿದರೂ ಕೆಮ್ಮು ಬರಲಿಲ್ಲ. ಪುಟ್ಟಬಸಮ್ಮ ಹಿಂತಿರುಗಿ ಸೊಸೆಯನ್ನು ನೋಡಿ, "ನೀರು ಯಾರ್ಗವ್ವ?" ಎಂದಳು.

ಅಯ್ಯನವರಿಗೆ ಎಲೆ ಹಾಕಿದವಳು ಅವಳೇ, ಅನ್ನ, ಹುಳಿ ಬಡಿಸಿದವಳೂ ಅವಳೇ. ಬಡಿಸಲು ಬಗ್ಗಿ ಎದ್ದರೂ ಎದೆಯಲ್ಲಿ ಸುಯ್ ಎನ್ನುವ ಸದ್ದಿರಲಿಲ್ಲ. ಅಯ್ಯನವರು ಊಟದ ನಡುವೆ ತಲೆ ಎತ್ತಿ, ಅಡುಗೆಮನೆಯ ಬಾಗಿಲಿನಿಂದ ಕಾಣುತ್ತಿದ್ದ, ವಿಭೂತಿ ಧರಿಸಿದ ಪೈಪನ್ನು ನೋಡಿದರು.

"ಅದೇನು ತಾಯಿ ಅದು?"

ಅವತ್ತು ರಜೆ ಹಾಕಿ ಪಕ್ಕದ ಎಲೆಗೆ ಕೂತಿದ್ದ ನಂಜೇಶನ ಕೈಯ ತುತ್ತು ಬಾಯಿಯ ಹತ್ತಿರವೇ ನಿಂತಿತು. ಪುಟ್ಟಬಸಮ್ಮ ಮಾತ್ರ ಸೌಟನ್ನು ಹುಳಿಯ ಪಾತ್ರೆಗೆ ಇಟ್ಟು, ಸೆರಗು ಸರಿಮಾಡಿಕೊಂಡಳು.

"ಊದುಗೊಳವೆ ಕನ ಬುದ್ಧಿ. ಹಳೇದಕ್ಕೆ ನಾನು ಉಸಿರು ಕೊಡ್ತಿದ್ದೆ. ಇದು ನಂಗೆ ಕೊಡ್ತದೆ" ಎಂದು, ಅವರು ಸಾಕು ಅನ್ನುವುದರೊಳಗೆ ಇನ್ನೊಂದು ಸೌಟು ಹುಳಿ ಬಡಿಸಿದಳು.