ತನ್ನ ಮನೆಯ ವಿರುದ್ಧ ಅಕ್ಕನ ಸಹಿ

ನನ್ನ ಅಕ್ಕ ಇರುವುದು ಗವಿಪುರದಲ್ಲಿ, ನಾನು ಚಾಮರಾಜಪೇಟೆಯಲ್ಲಿ. ಭಾನುವಾರ ತಿಂಡಿಗೆ ಅವಳ ಮನೆಗೆ ನಡೆದುಕೊಂಡು ಹೋಗುವುದು ನನ್ನ ಎಷ್ಟೋ ವರ್ಷಗಳ ಅಭ್ಯಾಸ. ಅಕ್ಕ ಮಹಡಿಯ ಕೋಣೆಗಳಲ್ಲಿ ಹೈಸ್ಕೂಲು ಮಕ್ಕಳಿಗೆ ಗಣಿತದ ಟ್ಯೂಷನ್ ಹೇಳುತ್ತಿದ್ದಳು. ಕೊರೊನಾ ಬಂದಾಗ ಮಕ್ಕಳೆಲ್ಲ ಮೊಬೈಲಿನಲ್ಲಿ ಪಾಠ ಕೇಳುವುದನ್ನು ಕಲಿತರು. ಕೊರೊನಾ ಹೋದ ಮೇಲೂ ಅವರು ಮಹಡಿ ಹತ್ತಿ ಬರಲಿಲ್ಲ.

ಸುಮ್ಮನೆ ಕೂರುವ ಜಾಯಮಾನ ಅವಳದಲ್ಲ. ಕಪ್ಪುಹಲಗೆ ಇಳಿಸಿ, ಗೋಡೆಗೆ ಸುಣ್ಣ ಹೊಡೆಸಿ, ಎರಡು ಮಂಚ ಹಾಕಿಸಿ, ಊರು ನೋಡಲು ಬರುವವರಿಗೆ ಕೋಣೆಗಳನ್ನು ದಿನದ ಬಾಡಿಗೆಗೆ ಕೊಡತೊಡಗಿದಳು. ಮೊಬೈಲಿನ ಆಪ್‌ನಲ್ಲಿ ಫೋಟೊ ಹಾಕುವ ಕೆಲಸವನ್ನು ಭಾವ ಮಾಡಿದರು. ಅವರು ಮಿತಭಾಷಿ. ‘ನಿಮ್ಮಕ್ಕನಿಗೆ ಮಾತಾಡೋಕೆ ಜನ ಬೇಕಿತ್ತು, ನನಗೂ ಸ್ವಲ್ಪ ರೆಸ್ಟ್ ಸಿಗುತ್ತೆ’ ಎಂದು ನಕ್ಕರು.

ಅವರು ಹೇಳಿದ್ದು ನಿಜ. ಸಂಕ್ರಾಂತಿಯ ಹೊತ್ತಿಗೆ ಗುಹೆಯ ದೇವಸ್ಥಾನ ನೋಡಲು ಬಂದವರು, ಸಂಬಂಧಿಕರ ಮದುವೆಗೆ ಬಂದವರು, ಪರೀಕ್ಷೆ ಬರೆಯಲು ಬಂದವರು, ಹೀಗೆ ಪ್ರತಿ ಭಾನುವಾರ ಅಡುಗೆಮನೆಯ ಮೇಜಿನ ಸುತ್ತ ನನಗೊಂದು ಹೊಸ ಮುಖ ಕಾಣುತ್ತಿತ್ತು. ಜಪಾನಿನ ಹುಡುಗಿಯೊಬ್ಬಳಿಗೆ ಅಕ್ಕ ಅಪ್ಪಟ ಕನ್ನಡದಲ್ಲೇ ಒಗ್ಗರಣೆ ಹಾಕುವುದನ್ನು ಹೇಳಿಕೊಡುತ್ತಿದ್ದಳು, ಆ ಹುಡುಗಿ ತಲೆಯಾಡಿಸುತ್ತಾ ಸರಿಯಾಗಿಯೇ ಹಾಕುತ್ತಿದ್ದಳು. ಯಾರು ಬಂದರೂ ಅಕ್ಕ ಅವರ ಗುರುತಿನ ಚೀಟಿ ನೋಡಿಯೇ ಒಳಗೆ ಬಿಡುತ್ತಿದ್ದಳು. ಸಿಗರೇಟು, ಕುಡಿತ ಇದ್ದರೆ ಬೇರೆ ಕಡೆ ನೋಡಿಕೊಳ್ಳಿ ಎಂದು ಮೊದಲೇ ಹೇಳಿಬಿಡುತ್ತಿದ್ದಳು.

ತೊಂದರೆ ಬಂದದ್ದು ಬೀದಿಯ ಮೂಲೆಯ ಕಟ್ಟಡದಿಂದ. ಹಳೆಯ ಮನೆ ಕೆಡವಿ ಅಲ್ಲೊಬ್ಬರು ನಾಲ್ಕು ಮಹಡಿ ಎಬ್ಬಿಸಿದರು. ಮಾಲೀಕರು ಇರುವುದು ಊರಿನ ಇನ್ನೊಂದು ತುದಿಯಲ್ಲಿ. ಅಷ್ಟೂ ಕೋಣೆಗಳನ್ನು ದಿನಬಾಡಿಗೆಗೆ ಬಿಟ್ಟಿದ್ದರು. ಬಾಗಿಲಿಗೆ ನಂಬರು ಒತ್ತಿದರೆ ತೆರೆಯುವ ಬೀಗ. ಯಾರು ಬಂದರು, ಯಾರು ಹೋದರು ಎಂದು ಕೇಳುವವರಿರಲಿಲ್ಲ. ಶನಿವಾರ ಬಂತೆಂದರೆ ಪಾರ್ಟಿ, ಹಾಡು, ಕಿರುಚಾಟ. ಅವರ ಕಾರುಗಳು ಯಾರ್‍ಯಾರದೋ ಗೇಟಿನ ಮುಂದೆ ನಿಲ್ಲುತ್ತಿದ್ದವು. ನಮ್ಮ ಹಳೆಯ ಬೀದಿಗಳು ಎಷ್ಟು ಕಿರಿದು ಎಂಬುದು ಎಲ್ಲರಿಗೂ ಗೊತ್ತಿರುವುದೇ.

ಒಂದು ಭಾನುವಾರ ನಾನು ಅಲ್ಲಿದ್ದಾಗಲೇ ಎದುರು ಮನೆಯ ನಿವೃತ್ತ ಮೇಷ್ಟ್ರ ಹೆಂಡತಿಗೆ ಇದ್ದಕ್ಕಿದ್ದಂತೆ ಉಸಿರು ಸಿಕ್ಕಿಕೊಂಡಿತು. ಮೇಷ್ಟ್ರು ಕಾರು ತೆಗೆಯಲು ಹೋದರೆ ಗೇಟಿಗೆ ಅಡ್ಡವಾಗಿ ಯಾರದೋ ದೊಡ್ಡ ಗಾಡಿ. ಮೂಲೆಯ ಕಟ್ಟಡದ ಬೆಲ್ಲು ಒತ್ತಿ ಒತ್ತಿ ಸಾಕಾಯಿತು, ಯಾರೂ ಇಳಿದು ಬರಲಿಲ್ಲ. ಅಕ್ಕ ತನ್ನ ಮನೆಯ ಊಟದ ಕುರ್ಚಿಯೊಂದನ್ನು ಎತ್ತಿಕೊಂಡು ಓಡಿದಳು. ಆಕೆಯನ್ನು ಅದರಲ್ಲಿ ಕೂರಿಸಿ ಭಾವ, ಮೇಷ್ಟ್ರು, ಅಕ್ಕ, ನಾನು ಹೊತ್ತುಕೊಂಡು ಮುಖ್ಯರಸ್ತೆಯವರೆಗೆ ಹೋಗಿ ಆಟೊ ಹಿಡಿದೆವು. ದೇವರು ದೊಡ್ಡವನು, ಆಕೆ ಉಳಿದರು.

ಮುಂದಿನ ಭಾನುವಾರ ಮೇಷ್ಟ್ರ ಮನೆಯ ಹಾಲ್‌ನಲ್ಲಿ ಬೀದಿಯವರೆಲ್ಲ ಸೇರಿದರು. ಅಕ್ಕ, ಭಾವನ ಜೊತೆ ನಾನೂ ಹೋಗಿದ್ದೆ. ವಸತಿ ಬೀದಿಯಲ್ಲಿ ಮನೆಯನ್ನು ದಿನಬಾಡಿಗೆಗೆ ಕೊಡಬೇಕೆಂದರೆ ವಾರ್ಡ್ ಆಫೀಸಿನ ಪರವಾನಗಿ ಬೇಕು, ಅಷ್ಟು ಕಿರಿದಾದ ಬೀದಿಗೆ ಅದು ಸಿಗುವುದೇ ಇಲ್ಲ ಎಂಬುದನ್ನು ಮೇಷ್ಟ್ರು ವಿಚಾರಿಸಿಕೊಂಡು ಬಂದಿದ್ದರು. ದೂರನ್ನೂ ಬರೆದು ತಂದಿದ್ದರು. ಓದುವ ಮೊದಲು ಅಕ್ಕನ ಕಡೆ ತಿರುಗಿ, ‘ನೋಡಮ್ಮ, ಇದರಲ್ಲಿ ಮೂಲೆ ಮನೆ ಒಂದೇ ಹಾಕಿದೀನಿ. ನಿಮ್ದು ಬೇರೆ ಥರ. ನಿಮ್ಮಿಂದ ಯಾರಿಗೂ ತೊಂದ್ರೆ ಇಲ್ಲ’ ಎಂದರು. ಎಲ್ಲರೂ ಹೌದು ಹೌದು ಎಂದರು.

ಅಕ್ಕ ಆ ಹಾಳೆಯ ಮೇಲೆ ಕಣ್ಣಾಡಿಸಿದಳು. ಆಮೇಲೆ, ‘ನನ್ನ ಮನೆ ನಂಬರೂ ಬರೀರಿ ಸರ್’ ಎಂದಳು.

‘ಯಾಕಮ್ಮ?’

‘ನಾನೂ ಕೊಡ್ತಿರೋದು ದಿನಬಾಡಿಗೆಗೇ. ನನ್ನ ಹತ್ರಾನೂ ಪರ್ಮಿಶನ್ ಇಲ್ಲ. ಬೇಕು ಅಂತ ಈಗಷ್ಟೇ ಗೊತ್ತಾಯ್ತು. ನಂದು ಬಿಟ್ಟು ಅವರದು ಮಾತ್ರ ಬರೆದ್ರೆ ಅದು ದೂರಲ್ಲ ಸರ್, ಜಗಳ ಆಗುತ್ತೆ.’

ಮೇಷ್ಟ್ರು ಬರೆಯಲು ಒಪ್ಪಲಿಲ್ಲ. ಅಕ್ಕ ಪೆನ್ನು ಇಸಿದುಕೊಂಡು ತಾನೇ ಬರೆದು, ಕೆಳಗೆ ಸಹಿ ಹಾಕಿದಳು.

ಹೊರಗೆ ಬಂದ ಮೇಲೆ ನಾನು ಸಿಟ್ಟಿನಿಂದ, ‘ಅಕ್ಕಾ, ತಲೆ ಕೆಟ್ಟಿದ್ಯಾ ನಿಂಗೆ? ಅವರೇ ಬೇಡ ಅಂತಿದ್ರಲ್ಲ’ ಎಂದೆ.

‘ಅವತ್ತು ಕುರ್ಚಿ ಒಂದು ಕಡೆ ನೀನೂ ಹಿಡ್ಕೊಂಡಿದ್ಯಲ್ಲೇ’ ಎಂದಳು. ‘ನನ್ನ ಮನೆಗೆ ಬರೋರೂ ಕಾರು ತರ್ತಾರೆ. ಇವತ್ತು ತೊಂದ್ರೆ ಇಲ್ಲ, ನಾಳೆನೂ ಇರಲ್ಲ ಅಂತ ನಾನ್ ಹೆಂಗೆ ಹೇಳ್ಲಿ?’

ಭಾವ ಮನೆಗೆ ಹೋದವರೇ ಮೊಬೈಲು ತೆಗೆದು, ಮುಂದಿನ ತಿಂಗಳ ಬುಕಿಂಗುಗಳನ್ನು ನಿಲ್ಲಿಸಿದರು.

ಆದರೆ ಮಹಡಿಯಲ್ಲಿ ಆಗ ಇಬ್ಬರಿದ್ದರು. ಬಾಗಲಕೋಟೆ ಕಡೆಯ ಗಂಡ ಹೆಂಡತಿ. ಹೆಂಡತಿಗೆ ಕ್ಯಾನ್ಸರು. ಆಸ್ಪತ್ರೆಯಲ್ಲಿ ದಿನ ಬಿಟ್ಟು ದಿನ ಚಿಕಿತ್ಸೆ, ಇನ್ನೂ ಕೆಲವು ವಾರ ಬಾಕಿಯಿತ್ತು. ಲಾಡ್ಜಿನ ಗದ್ದಲ, ಊಟ ಆಕೆಗೆ ಆಗಿಬರದೆ ಇಲ್ಲಿಗೆ ಬಂದಿದ್ದರು.

ವಾರ್ಡ್ ಆಫೀಸಿನಿಂದ ಪರಿಶೀಲನೆಗೆ ಬಂದವರು ಒಬ್ಬ ಹೆಣ್ಣುಮಗಳು. ಮೂಲೆಯ ಕಟ್ಟಡ ಮುಗಿಸಿಕೊಂಡು ಅಕ್ಕನ ಮನೆಗೆ ಬಂದರು. ರಜೆ ಹಾಕಿ ನಾನೂ ಹೋಗಿದ್ದೆ. ಅಕ್ಕ ಮುಂದೆ ನಿಂತು ಮಹಡಿ ತೋರಿಸಿದಳು. ಅಧಿಕಾರಿ ಕಾಫಿ ಬೇಡವೆಂದು ನೀರು ಮಾತ್ರ ಕುಡಿದರು.

‘ದೂರಿನಲ್ಲಿ ತಮ್ಮ ಮನೆ ನಂಬರೇ ಬರ್ಕೊಟ್ಟೋರನ್ನ ನಾನು ನೋಡೇ ಇರ್ಲಿಲ್ಲ ಮೇಡಂ’ ಎಂದರು. ‘ಆದ್ರೆ ನೋಡಿದ್ಮೇಲೆ ಬಿಡೋಕಾಗಲ್ಲ. ಇವತ್ತಿಂದ ಬಾಡಿಗೆಗೆ ಯಾರನ್ನೂ ಇಟ್ಕೋಬೇಡಿ.’

‘ಆಗ್ಲಿ. ಬಾಡಿಗೆ ಇಲ್ದೆ ನೆಂಟರು ಬಂದು ಇದ್ರೆ?’

ಅಧಿಕಾರಿ ಅಕ್ಕನ ಮುಖ ನೋಡಿದರು. ಮೇಲಿನ ಬಾಗಿಲಲ್ಲಿ ತಲೆಗೆ ಬಟ್ಟೆ ಕಟ್ಟಿಕೊಂಡು ನಿಂತಿದ್ದ ಹೆಂಗಸನ್ನೂ ನೋಡಿದರು. ‘ನೆಂಟರನ್ನ ಬೇಡ ಅನ್ನೋಕೆ ಯಾವ ಕಾನೂನೂ ಇಲ್ಲ. ಆದ್ರೆ ನಿಜವಾಗ್ಲೂ ನೆಂಟರಾಗಿರ್ಬೇಕು’ ಎಂದರು.

‘ಆಗಿರ್ತಾರೆ’ ಎಂದಳು ಅಕ್ಕ.

ಅವರು ಹೋದ ಮೇಲೆ ಆ ಗಂಡ ಕೆಳಗಿಳಿದು ಬಂದು ಕೈಮುಗಿದ. ‘ಅಕ್ಕಾರ, ನಾವು ಬ್ಯಾರೆ ಕಡೆ ನೋಡ್ಕೋತೀವ್ರಿ. ನಮ್ಮ ಸಲುವಾಗಿ ನಿಮಗ ತ್ರಾಸ ಬ್ಯಾಡ. ಪುಕ್ಕಟೆ ಇರೂದು ಮನಸ್ಸಿಗೆ ಸರಿ ಅನಸೂದಿಲ್ರಿ.’

‘ನಿಮ್ಮೂರಿಗೆ ನಾನು ಬಂದ್ರೆ ಬಾಡಿಗೆ ತಗೋತೀರಾ?’ ಎಂದು ಅಕ್ಕ ಕೇಳಿದಳು.

‘ಛೇ, ಛೇ! ಎಂಥಾ ಮಾತ್ರಿ!’

‘ಹಂಗಾದ್ರೆ ಮುಗೀತು. ಬನ್ನಿ, ಊಟ ಮಾಡೋಣ.’

ಅವರು ಚಿಕಿತ್ಸೆ ಮುಗಿಯುವವರೆಗೂ ಅಲ್ಲೇ ಇದ್ದರು. ಮಹಡಿಯಲ್ಲಿ ಬೇರೆಯಾಗಿದ್ದವರು ಈಗ ಕೆಳಗಿನ ಮನೆಯವರಾದರು. ಆತ ಬೆಳಿಗ್ಗೆ ಬಸ್ಸಿನಲ್ಲಿ ಮಾರುಕಟ್ಟೆಗೆ ಹೋಗಿ ಎಲ್ಲರಿಗೂ ತರಕಾರಿ ತರುತ್ತಿದ್ದ. ಭಾನುವಾರ ನಾನು ಹೋದರೆ ಬೀದಿಗೇ ಕೇಳುವಂತೆ ಟಪ ಟಪ ಎಂದು ಜೋಳದ ರೊಟ್ಟಿ ಬಡಿಯುತ್ತಿದ್ದ. ಗಂಡಸು ರೊಟ್ಟಿ ಬಡಿಯುವುದನ್ನು ನೋಡಲೆಂದೇ ಮೇಷ್ಟ್ರ ಹೆಂಡತಿ ಬರುತ್ತಿದ್ದರು. ಉಸಿರು ಕಟ್ಟಿದ್ದವರು, ತಲೆಗೂದಲು ಉದುರಿದವರು, ಇಬ್ಬರೂ ಒಂದೇ ಬೆಂಚಿನಲ್ಲಿ ಕೂತು ಡಾಕ್ಟರುಗಳನ್ನು ಬೈಯುತ್ತಾ ನಗುತ್ತಿದ್ದರು. ಅಕ್ಕ ಬಟ್ಟಲು ಬಟ್ಟಲು ಗಂಜಿ ಕಾಯಿಸಿ ಆಕೆಯನ್ನು ಗದರಿಸಿ ಕುಡಿಸುತ್ತಿದ್ದಳು.

ಊರಿಗೆ ಹೊರಟ ದಿನ ಆಕೆ ಅಕ್ಕನ ಕಾಲಿಗೆ ಬೀಳಲು ಬಗ್ಗಿದರು. ಅಕ್ಕ ಹಿಡಿದೆತ್ತಿ, ಕುಂಕುಮವಿಟ್ಟು, ಮಡಿಲು ತುಂಬಿ ಕಳಿಸಿದಳು. ಆಟೊ ತಿರುವಿನಲ್ಲಿ ಮರೆಯಾದ ಮೇಲೂ ಅಲ್ಲೇ ನಿಂತಿದ್ದಳು. ಆಮೇಲೆ ಸೆರಗಿನಿಂದ ಕಣ್ಣೊರೆಸಿಕೊಂಡಳು. ಅವಳು ಹಾಗೆ ಮಾಡಿದ್ದನ್ನು ನಾನು ನೋಡಿದ್ದು ಅಪರೂಪ.

ದಿನಬಾಡಿಗೆ ಉಳಿಸಿಕೊಳ್ಳಲು ಮೂಲೆಯ ಕಟ್ಟಡದವರು ವಾರ್ಡ್ ಆಫೀಸಿಗೆ ಸ್ವಲ್ಪ ದಿನ ಓಡಾಡಿ ನೋಡಿದರು, ಆಮೇಲೆ ಸುಮ್ಮನಾದರು. ಈಗ ಅಲ್ಲಿ ಸಂಸಾರಸ್ಥರಿದ್ದಾರೆ, ಬಾಲ್ಕನಿಗಳಲ್ಲಿ ಬಟ್ಟೆ ಒಣಗುತ್ತದೆ. ಮನೆಯಲ್ಲೇ ವಾಸವಿದ್ದು ಒಂದೆರಡು ಕೋಣೆ ಕೊಡುವವರಿಗೆ ನಿಯಮ ಸಡಿಲಿಸುವಂತೆ ಅರ್ಜಿ ಹಾಕೋಣವೆಂದು ಮೇಷ್ಟ್ರು ಅಕ್ಕನಿಗೆ ಹೇಳುತ್ತಲೇ ಇರುತ್ತಾರೆ. ‘ಹಾಕಿ ಸರ್, ಎಲ್ಲರಿಗೂ ಸಿಗೋ ಹಂಗಿದ್ರೆ ನಾನೂ ಸಹಿ ಹಾಕ್ತೀನಿ’ ಎನ್ನುತ್ತಾಳೆ.

ಬರುವ ಹೋಗುವ ಜನ ಇಲ್ಲದಿರುವುದು ಅವಳಿಗೆ ಬೇಸರವೇ. ಅದನ್ನು ಅವಳು ಮುಚ್ಚಿಡುವುದಿಲ್ಲ. ಮಹಡಿಯನ್ನು ತಿಂಗಳ ಬಾಡಿಗೆಗೆ, ಕರಾರು ಮಾಡಿಕೊಂಡು, ಕಾಲೇಜಿನಲ್ಲಿ ಪಾಠ ಹೇಳುವ ಇಬ್ಬರು ಹುಡುಗಿಯರಿಗೆ ಕೊಟ್ಟಿದ್ದಾಳೆ. ‘ಊರೇ ನೋಡಲ್ಲ ಕಣೇ ಇವು. ಕಾಲೇಜು, ಮನೆ, ಮೊಬೈಲು, ಅಷ್ಟೇ’ ಎಂದು ನನ್ನ ಹತ್ತಿರ ಗೊಣಗುತ್ತಿದ್ದಳು.

ಹೋದ ಭಾನುವಾರ ಹೋದಾಗ ಮನೆಯಲ್ಲಿ ಭಾವ ಒಬ್ಬರೇ ಪೇಪರ್ ಓದುತ್ತಿದ್ದರು. ‘ಇಬ್ಬರನ್ನೂ ಎಬ್ಬಿಸ್ಕೊಂಡು ಲಾಲ್‌ಬಾಗ್ ತೋರಿಸೋಕೆ ಹೋದ್ಳು. ತಿಂಡಿ ನಾನೇ ಮಾಡಿದೀನಿ, ಹೇಗಿದ್ರೂ ತಿನ್ನು’ ಎಂದರು. ಉಪ್ಪಿಟ್ಟು ಸ್ವಲ್ಪ ಗಂಟಾಗಿತ್ತು. ನಾವಿಬ್ಬರೂ ಎರಡೆರಡು ಸಲ ಹಾಕಿಸಿಕೊಂಡು ತಿಂದೆವು.