ಕಳಿಸಿದವಳು

ಯಸಳೂರು ಹೋಬಳಿಯ ಕಬ್ಬಿನಹಿತ್ಲು ಎಸ್ಟೇಟಿನ ಕೂಲಿ ಮನೆಗಳ ಲೈನ್‌ನಲ್ಲಿ ಭೂತಮ್ಮನಷ್ಟು ಕಡಿಮೆ ಮಾತಾಡುವ ಹೆಂಗಸು ಇನ್ನೊಬ್ಬಳಿರಲಿಲ್ಲ. ಹದಿನೆಂಟಕ್ಕೆ ಮದುವೆಯಾಗಿ ಈ ತೋಟಕ್ಕೆ ಬಂದವಳು, ಮೂವತ್ತು ವರ್ಷ ಇಲ್ಲೇ ಕಾಫಿ ಕುಯ್ದಳು, ಚಿಗುರು ತೆಗೆದಳು, ಮೆಣಸು ಬಿಡಿಸಿದಳು. ಹಣ್ಣು ಕುಯ್ಯುವಾಗ ಉಳಿದವರು ಸಾಲಿನಿಂದ ಸಾಲಿಗೆ ಕೂಗಿ ಹರಟುತ್ತಿದ್ದರೆ ಅವಳ ಕಡೆಯಿಂದ ರೆಂಬೆ ಬಗ್ಗಿಸುವ ಸದ್ದಷ್ಟೇ ಬರುತ್ತಿತ್ತು. ಮಾತೆಲ್ಲ ಗಂಡ ಗಿಡ್ಡಯ್ಯನದು. ಹೆಸರು ಗಿಡ್ಡಯ್ಯ, ಆಳು ಬಾಗಿಲಿಗೆ ತಲೆ ತಗುಲುವಷ್ಟು ಎತ್ತರ. ತೋಟದ ಮೋಟರು, ಪೈಪು, ಸ್ಪ್ರಿಂಕ್ಲರು ಎಲ್ಲ ಅವನ ಕೈಯಲ್ಲಿದ್ದವು.

ಅವನು ಆನೆ ತುಳಿದು ಸತ್ತು ಆರು ವರ್ಷವಾಗಿತ್ತು. ಆ ಕಡೆ ಆನೆಗೆ ಸಿಕ್ಕಿ ಸತ್ತವರ ಬಗ್ಗೆ ಜನ ಕೇಳುವುದು ಎಲ್ಲಿ, ಎಷ್ಟು ಹೊತ್ತಿಗೆ ಅಂತ. ಅಲ್ಲಿಗೆ ಯಾಕೆ ಹೋಗಿದ್ದ ಅಂತ ಯಾರೂ ಕೇಳುವುದಿಲ್ಲ. ಸೌದೆಗೆ ಹೋಗಿದ್ದನಂತೆ ಎಂಬ ಮಾತೊಂದು ಅವತ್ತು ಹುಟ್ಟಿತು, ಅದೇ ಉಳಿಯಿತು. ಅತ್ತೆ ಮಾರಮ್ಮ ಆ ವಾರ ಆಲೂರಿನಲ್ಲಿ ತನ್ನ ಮಗಳ ಮನೆಯಲ್ಲಿದ್ದಳು. ಭೂತಮ್ಮನ ಒಬ್ಬಳೇ ಮಗಳು ಶಾಲಿನಿ ಸಕಲೇಶಪುರದ ಹಾಸ್ಟೆಲ್‌ನಲ್ಲಿದ್ದುಕೊಂಡು ಒಂಬತ್ತನೇ ಕ್ಲಾಸು ಓದುತ್ತಿದ್ದಳು. ಇಬ್ಬರೂ ಬಂದು ಮುಟ್ಟುವ ಹೊತ್ತಿಗೆ ಹೆಣಕ್ಕೆ ಬಟ್ಟೆ ಸುತ್ತಿಯಾಗಿತ್ತು. ಮುಖ ಕೂಡ ತೋರಿಸಲಿಲ್ಲ.

ಹೋದ ವರ್ಷ ಕುಯ್ಲು ಮುಗಿದ ಮೇಲೆ ಸ್ಟೆಫಿ ಬಂದಳು. ತೋಟದ ಲೆಕ್ಕ ಬರೆದು ಆಳುಗಳಿಗೆ ಕೆಲಸ ಹಚ್ಚುವ ರೈಟರ್ ರೊಸಾರಿಯೋ ಅವರ ಮಗಳು. ಚಿಕ್ಕಂದಿನಲ್ಲಿ ಭೂತಮ್ಮನೇ ಅವಳನ್ನು ಸೊಂಟದ ಮೇಲೆ ಹೊತ್ತು ತೋಟವೆಲ್ಲ ತಿರುಗಿಸಿದ್ದಳು. ಈಗ ಮಂಗಳೂರಿನ ಒಂದು ಕಾಲೇಜಿನಲ್ಲಿ ಸಿನಿಮಾ ಓದುತ್ತಿದ್ದಳು. ಕೊನೆಯ ವರ್ಷಕ್ಕೆ ಹನ್ನೆರಡು ನಿಮಿಷದ ಸಿನಿಮಾ ಒಂದನ್ನು ಮಾಡಿ, ಕತೆ ಕಟ್ಟುವ ಸಿದ್ಧಾಂತ ಅದಕ್ಕೆ ಹೇಗೆ ಒಪ್ಪುತ್ತದೆ ಎಂದು ಇಪ್ಪತ್ತು ಪುಟ ಬರೆದು ಕೊಡಬೇಕಿತ್ತು. ಜೊತೆಗೆ ಕ್ಯಾಮೆರಾ ಹಿಡಿಯಲು ಅವಳ ಸಹಪಾಠಿ ಪೂಜಿತಾ ಬಂದಿದ್ದಳು.

“ಭೂತಮ್ಮ, ನಿನ್ನ ಕತೆನೇ ಸಿನಿಮಾ ಮಾಡ್ತೀನಿ” ಎಂದಳು ಸ್ಟೆಫಿ.

“ನಂದೇನು ಕತೆ ಐತೆ ಮಗ” ಎಂದಳು ಭೂತಮ್ಮ. ಆದರೆ ಎದ್ದು ಒಳಗೆ ಹೋಗಿ ಸೀರೆ ಬದಲಾಯಿಸಿ ಬಂದಳು.

ಮೆಟ್ಟಿಲ ಮೇಲೆ ಕೂತು ಸ್ಟೆಫಿ ನೋಟ್‌ಬುಕ್ ಬಿಚ್ಚಿದಳು. ಅದರಲ್ಲಿ ಐದು ಚೌಕ ಬರೆದಿದ್ದಳು. ಎಲ್ಲ ಕತೆಯೂ ಒಂದು ನೆಮ್ಮದಿಯಿಂದ ಶುರುವಾಗುತ್ತದಂತೆ. ಆಮೇಲೆ ಆ ನೆಮ್ಮದಿ ಕದಡುತ್ತದೆ, ಕದಡಿದ್ದು ತಿಳಿಯುತ್ತದೆ, ಸರಿ ಮಾಡಲು ಯಾರೋ ಹೊರಡುತ್ತಾರೆ, ಕೊನೆಗೆ ಇನ್ನೊಂದು ಬಗೆಯ ನೆಮ್ಮದಿ ಬರುತ್ತದೆ. ಚೌಕಗಳ ಕೆಳಗೆ ಮೇಷ್ಟ್ರು ಕೆಂಪು ಇಂಕಿನಲ್ಲಿ ಮೂರು ಪ್ರಶ್ನೆ ಹಾಕಿದ್ದರು: ‘ಬೇಡ ಎಂದವರು ಯಾರು? ಮೀರಿದವರು ಯಾರು? ಕಳಿಸಿದವರು ಯಾರು? ಇದಿಲ್ಲದೆ ಕತೆ ನಿಲ್ಲುವುದಿಲ್ಲ.’

ಪೂಜಿತಾ ಕ್ಯಾಮೆರಾ ಆನ್ ಮಾಡಿದಳು. ಸ್ಟೆಫಿ ಕೇಳಿದಳು: “ಅವತ್ತು ಗಿಡ್ಡಯ್ಯ ಅಲ್ಲಿಗೆ ಯಾಕೆ ಹೋದ?”

ಆರು ವರ್ಷದಲ್ಲಿ ಇದನ್ನು ಕೇಳಿದವಳು ಅವಳೊಬ್ಬಳೇ. ಭೂತಮ್ಮ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು. ಆಮೇಲೆ ಶುರು ಮಾಡಿದವಳು ನಿಲ್ಲಿಸಲಿಲ್ಲ.

“ಕೆರೆ ಮೇಲಿನ ತೋಟದಾಗೆ ಆನೆ ಐತೆ, ಯಾರೂ ಹೋಗ್ಬ್ಯಾಡಿ ಅಂತ ಎಲ್ಲಾರ ಫೋನಿಗೂ ಫಾರೆಸ್ಟ್‌ನೋರ ಮೆಸೇಜು ಬಂದಿತ್ತು ಮಗ. ಬೆಳಿಗ್ಗೆ ಆರೂವರೆಗೆ ನಿಮ್ಮಪ್ಪಾರು ಇಲ್ಲಿಗೇ ಬಂದ್ರು. ಇಗಾ, ಈ ಕಲ್ಲಿನ ತಾವ ನಿಂತ್ಕಂಡ್ರು. ‘ಕಾಫಿ ಹೂವಿಗೆ ನೀರು ಹೊಡೆಯೋದು ಇವತ್ತು ಮುಗೀಬೇಕು ಗಿಡ್ಡಯ್ಯ, ಹೋಗಿ ಪೈಪ್ ಬದಲಾಯಿಸು’ ಅಂದ್ರು. ‘ಆನೆ ಐತಂತಲ್ಲ ರೈಟ್ರೇ’ ಅಂದ ಇವ್ನು. ‘ಅದು ಆಗ್ಲೇ ದಾಟಿ ಹೋಯ್ತು ಮಾರಾಯ’ ಅಂದ್ರು. ನಾನು ಒಲೆ ಮುಂದೆ ಇದ್ದೋಳು ಎದ್ದು ಬಂದು ತೋಳು ಹಿಡ್ಕಂಡೆ. ಬ್ಯಾಡ ಕಣ, ಬಿಸಿಲು ಏರ್ಲಿ ಅಂದೆ. ನಕ್ಕೊಂಡು ಕೈ ಬಿಡಿಸ್ಕಂಡು ಹೋಗ್ಬುಟ್ಟ. ಆಮ್ಯಾಕೆ ಫಾರೆಸ್ಟ್‌ನೋರು ಬಂದಾಗ ನಿಮ್ಮಪ್ಪಾರೇ ಯೋಳಿದ್ರು, ಸೌದೆಗೆ ಹೋಗಿದ್ದ ಅಂತ. ನಾನು ಪಕ್ಕದಾಗೇ ನಿಂತಿದ್ದೆ. ಲೈನ್ ಮನೆ ಬುಟ್ಟು ಎಲ್ಲಿಗೆ ಹೋಗ್ಲಿ? ಸುಮ್ಕಾಗ್ಬುಟ್ಟೆ.”

ಇಷ್ಟು ಹೇಳಿ ಅವಳು ಕಣ್ಣೊರೆಸಿಕೊಂಡಳು. ಎದೆ ಹಗುರಾಗಿ, ಹುಡುಗಿಯರಿಗೆ ಕಾಫಿ ಮಾಡಿ ತರುತ್ತೇನೆಂದು ಎದ್ದಳು. ತಿರುಗಿ ಬರುವಷ್ಟರಲ್ಲಿ ಕ್ಯಾಮೆರಾ ಬ್ಯಾಗಿನೊಳಗೆ ಹೋಗಿತ್ತು. ಸ್ಟೆಫಿ ಕಾಫಿ ಕುಡಿಯಲಿಲ್ಲ.

ಮೂರು ದಿನ ಬಿಟ್ಟು ಇಬ್ಬರೂ ಮತ್ತೆ ಬಂದರು. ಈ ಸಲ ನೋಟ್‌ಬುಕ್ಕಿನ ಚೌಕಗಳು ತುಂಬಿದ್ದವು. “ನೀನು ಹೇಳಿದ್ದು ತುಂಬಾ ಉದ್ದ ಆಯ್ತು ಭೂತಮ್ಮ. ಸಿನಿಮಾಕ್ಕೆ ಬೇರೆ ಥರ ಬೇಕು. ನೀನು ಸುಮ್ಮನೆ ನಾನು ಹೇಳಿದಂಗೆ ಆಕ್ಟ್ ಮಾಡು” ಎಂದಳು ಸ್ಟೆಫಿ.

ಎರಡು ದಿನ ಚಿತ್ರೀಕರಣ ನಡೆಯಿತು. ಗಿಡ್ಡಯ್ಯ ಬಿದ್ದಿದ್ದ ಜಾಗಕ್ಕೆ ಭೂತಮ್ಮ ಆರು ವರ್ಷದಿಂದ ಕಾಲಿಟ್ಟಿರಲಿಲ್ಲ. ಆ ಇಳಿಜಾರಿನಲ್ಲಿ ಅವಳನ್ನು ಏಳು ಸಲ ಓಡಿಸಿದರು. ಐದನೇ ಸಲ ಎಡಗಾಲ ಮಂಡಿ ಹಿಡಿದುಕೊಂಡು ಕೂತಳು. “ಚೆನ್ನಾಗಿದೆ, ಆ ನೋವು ಹಾಗೇ ಇರಲಿ” ಎಂದಳು ಪೂಜಿತಾ. ಅಳು ಸಾಲದು ಅಂದರು. ಅವಳು ಅತ್ತಳು. ಜೋರಾಗಿ ಅಳಬೇಕು ಅಂದರು. ಅವಳಿಗೆ ಜೋರಾಗಿ ಅಳಲು ಬರುತ್ತಿರಲಿಲ್ಲ. ಹೆಣದ ಮುಂದೆಯೂ ಅವಳು ಹಾಗೆ ಅತ್ತಿರಲಿಲ್ಲ.

“ಅವನದೊಂದು ಶರ್ಟ್ ಇದೆಯಾ?” ಎಂದು ಸ್ಟೆಫಿ ಕೇಳಿದಳು.

ಟ್ರಂಕಿನಲ್ಲಿ ಒಂದಿತ್ತು. ಸಾಯುವ ಹಿಂದಿನ ದಿನ ಬಿಚ್ಚಿ ಗೂಟಕ್ಕೆ ಹಾಕಿದ್ದು, ಒಗೆಯದೆ ಇಟ್ಟಿದ್ದಳು. ಬೀಡಿ ಮತ್ತು ಮೋಟರಿನ ಗ್ರೀಸು ವಾಸನೆ ಅದರಲ್ಲಿ ಇನ್ನೂ ಇತ್ತು. ಕೊಡಲು ಹಿಂದೆಮುಂದೆ ನೋಡಿದಳು, ಕೊಟ್ಟಳು. ಅವರು ಅದಕ್ಕೆ ಕೆಂಪು ಬಣ್ಣ ಎರಚಿ, ಕೆಸರಿನಲ್ಲಿ ತುಳಿದು, ಕಾಫಿ ಗಿಡಕ್ಕೆ ಸಿಕ್ಕಿಸಿ ಚಿತ್ರ ತೆಗೆದರು. ಮಾರನೆಯ ದಿನ ಸ್ಟೆಫಿಯ ತಾಯಿ ರೋಸಿ ಬಾಯಮ್ಮ ಶರ್ಟನ್ನು ವಾಷಿಂಗ್ ಮೆಷಿನ್‌ಗೆ ಹಾಕಿ, ಇಸ್ತ್ರಿ ಮಾಡಿಸಿ, ಮಡಿಸಿ ಕಳಿಸಿಕೊಟ್ಟರು. ಭೂತಮ್ಮ ಮೂಸಿ ನೋಡಿದಳು. ಸೋಪಿನ ಪರಿಮಳವಿತ್ತು.

ಎಲ್ಲಕ್ಕಿಂತ ಕೊನೆಯಲ್ಲಿ ಬಾಗಿಲ ದೃಶ್ಯ ತೆಗೆದರು. ಭೂತಮ್ಮ ಹೊಸ್ತಿಲಲ್ಲಿ ನಿಂತು, ಹೊರಗೆ ನೋಡುತ್ತಾ ಒಂದು ಮಾತು ಹೇಳಬೇಕಿತ್ತು: “ಮನೇಲಿ ಸೌದೆ ಇಲ್ಲ. ಆನೆ ಗೀನೆ ಅಂತ ಕೂತ್ಕಂಡ್ರೆ ಒಲೆ ಉರಿಯುತ್ತಾ? ಹೋಗಿ ತಗಂಡ್ಬಾ.”

“ಇದು ನಾನಂದಿದ್ದಲ್ಲ ಮಗ.”

“ಗೊತ್ತು ಭೂತಮ್ಮ. ಇದು ಕತೆ ಅಷ್ಟೇ. ಕತೆಯಲ್ಲಿ ಕಳಿಸುವವರು ಒಬ್ಬರು ಇರಲೇಬೇಕು, ಪುಸ್ತಕದಲ್ಲೇ ಹಾಗಿದೆ. ನೀನು ಅಂದ್ರೆ ನೀನಲ್ಲ, ಒಂದು ಪಾತ್ರ.”

“ಸೌದೆ ಅಂತ ಯೋಳಿದ್ದು ನಿಮ್ಮಪ್ಪಾರಲ್ವಾ?”

ಸ್ಟೆಫಿ ಅವಳ ಕೈ ಹಿಡಿದುಕೊಂಡಳು. “ನನ್ನ ಪರೀಕ್ಷೆ ಇದರ ಮೇಲೇ ನಿಂತಿದೆ. ನನಗೋಸ್ಕರ ಒಂದೇ ಒಂದು ಸಲ ಹೇಳು. ಕಾಲೇಜಿನವರು ಬಿಟ್ಟು ಯಾರೂ ನೋಡಲ್ಲ.”

ಎತ್ತಿ ಆಡಿಸಿದ ಹುಡುಗಿ ಹಾಗೆ ಕೇಳಿದಾಗ ಭೂತಮ್ಮ ಹೇಳಿದಳು. ಮೊದಲ ಸಲಕ್ಕೇ ಸರಿಯಾಗಿ ಬಂತು. ನಗುವ ಒಂದು ದೃಶ್ಯವೂ ಬೇಕಿತ್ತು, ಕೊನೆಯ ಚೌಕದ ನೆಮ್ಮದಿಗೆ. ಮೆಣಸಿನ ಬಳ್ಳಿಯ ಮುಂದೆ ನಿಲ್ಲಿಸಿ ನಗಿಸಿದರು.

ಸಿನಿಮಾಕ್ಕೆ ಕಾಲೇಜಿನಲ್ಲಿ ಮೊದಲ ಬಹುಮಾನ ಬಂತು. ರೊಸಾರಿಯೋ ಸಂತೋಷದಿಂದ ಊರಿನಲ್ಲೂ ತೋರಿಸಬೇಕೆಂದರು. ಒಂದು ಭಾನುವಾರ ಪೂಜೆ ಮುಗಿದ ಮೇಲೆ ಚರ್ಚಿನ ಹಾಲಿನ ಕಿಟಕಿಗಳಿಗೆ ಕಪ್ಪು ಬಟ್ಟೆ ಕಟ್ಟಿ, ಲೈನ್‌ನವರನ್ನೆಲ್ಲ ಜೀಪಿನಲ್ಲಿ ಕರೆಸಿ ಕೂರಿಸಿದರು. ಭೂತಮ್ಮನಿಗೂ ಮಾರಮ್ಮನಿಗೂ ಮುಂದಿನ ಸಾಲಿನಲ್ಲಿ ಕುರ್ಚಿ ಕೊಟ್ಟರು. ಪರದೆಯ ಮೇಲೆ ಮೊದಲು ಅಕ್ಷರ ಮೂಡಿತು. ಹಿಂದೆ ಕೂತಿದ್ದ ಶಾಲೆ ಹುಡುಗಿ ಒಬ್ಬಳು ಗಟ್ಟಿಯಾಗಿ ಓದಿದಳು: “ನಡೆದ ಘಟನೆಯನ್ನು ಆಧರಿಸಿದ ಚಿತ್ರ.”

ಆಮೇಲೆ ಹೊಸ್ತಿಲು ಬಂತು, ಭೂತಮ್ಮ ಬಂದಳು. ಅವಳ ದನಿ ಇಡೀ ಹಾಲಿಗೆ ಕೇಳಿಸಿತು. ಆನೆ ಗೀನೆ ಅಂತ ಕೂತ್ಕಂಡ್ರೆ ಒಲೆ ಉರಿಯುತ್ತಾ?

ಮಾರಮ್ಮ ಎಪ್ಪತ್ತೆಂಟರ ಮುದುಕಿ. ಸಿನಿಮಾ ಎಂದರೆ ಸುಳ್ಳು ಎಂಬುದು ಅವಳಿಗೂ ಗೊತ್ತಿತ್ತು. ಆದರೆ ಪರದೆಯಲ್ಲಿ ಇದ್ದದ್ದು ಬೇರೆ ಯಾರೂ ಅಲ್ಲ, ಅವಳ ಸೊಸೆ. ಮನೆ ಅವಳದೇ ಮನೆ, ಗಿಡದ ಮೇಲಿದ್ದದ್ದು ಅವಳ ಮಗನದೇ ಅಂಗಿ. ದೀಪ ಹಾಕಿದಾಗ ಎಲ್ಲರೂ ಚಪ್ಪಾಳೆ ತಟ್ಟಿದರು. ಮಾರಮ್ಮ ಎದ್ದು ಸೊಸೆಯ ಎದುರಿಗೆ ನಿಂತು ಅವಳ ಮುಖಕ್ಕೆ ಉಗಿದಳು.

“ನನ್ ಮಗನ್ನ ತಿಂದ್ಬುಟ್ಟು ಆರು ವರ್ಷ ನಂಗೆ ಅನ್ನ ಇಕ್ಕಿದ್ಯಲ್ಲೇ ಮುಂಡೆ.”

“ಅತ್ತೆ, ಅದು ಸುಳ್ಳು ಅತ್ತೆ, ನಾನು ಹಂಗಂದಿಲ್ಲ.”

“ನಿನ್ ಬಾಯಾಗೇ ಬಂತಲ್ಲೇ!”

ಅವತ್ತಿನಿಂದ ಮಾರಮ್ಮ ಅಂಗಳದಲ್ಲಿ ಮೂರು ಕಲ್ಲಿಟ್ಟು ತನ್ನ ಗಂಜಿ ತಾನೇ ಕಾಯಿಸಿಕೊಂಡಳು. ಲೈನ್‌ನ ಹೆಂಗಸರು ಜಗಳವಾಡಲಿಲ್ಲ. ಭೂತಮ್ಮ ನಲ್ಲಿಯ ಹತ್ತಿರ ಬಂದರೆ ಮಾತು ನಿಲ್ಲಿಸಿ ಕೊಡ ಎತ್ತಿಕೊಂಡು ಹೋದರು. ಅವಳ ಪಕ್ಕದ ಸಾಲಿನಲ್ಲಿ ಕೆಲಸಕ್ಕೆ ಯಾರೂ ನಿಲ್ಲಲಿಲ್ಲ.

ಅವಳು ರೈಟರ್ ಮನೆಗೆ ಹೋದಳು. ರೊಸಾರಿಯೋ ವರಾಂಡದಲ್ಲಿ ಕೂತು ಪೇಪರ್ ಓದುತ್ತಿದ್ದರು.

“ರೈಟ್ರೇ, ಲೈನ್‌ಗೆ ಬಂದು ಒಂದ್ ಮಾತು ಯೋಳಿ. ಕಳ್ಸಿದ್ದು ನಾನಲ್ಲ ಅಂತ. ನಿಮ್ ಹೆಸ್ರು ಬ್ಯಾಡ. ನಾನಲ್ಲ ಅಂತ ಅಷ್ಟೇ ಯೋಳಿ.”

ರೊಸಾರಿಯೋ ಪೇಪರ್ ಮಡಿಸಿದರು. “ಮತ್ತೆ ಯಾರು ಅಂತ ಕೇಳ್ತಾರೆ ಭೂತಮ್ಮ. ಆರು ವರ್ಷ ನೀನು ಬಾಯಿ ಬಿಡಲಿಲ್ಲ. ಈಗ ಸಿನಿಮಾದಲ್ಲಿ ನೀನೇ ಹೇಳಿದ್ದೀಯ, ಊರೆಲ್ಲ ನೋಡಿದೆ. ನಾನು ಏನು ಹೇಳ್ಲಿ?”

ಒಳಗಿನಿಂದ ಸ್ಟೆಫಿ ಬಂದಳು. ಅಪ್ಪನ ಮುಖ ನೋಡಲಿಲ್ಲ.

“ಮೊದ್ಲು ನಾನು ಯೋಳಿದ್ದು ನಿನ್ ಕ್ಯಾಮೆರಾದಾಗೆ ಐತಲ್ಲ ಮಗ. ಅದನ್ನ ತೋರ್ಸು.”

“ಅದನ್ನ ಅಳಿಸಿಬಿಟ್ಟೆ” ಎಂದಳು ಸ್ಟೆಫಿ. “ಅದು ಕತೆಗೆ ಹೊಂದಲಿಲ್ಲ.”

ಶಾಲಿನಿ ಆಗ ಸಕಲೇಶಪುರದ ಬಟ್ಟೆ ಅಂಗಡಿಯೊಂದರಲ್ಲಿ ಕೆಲಸಕ್ಕಿದ್ದಳು. ಯಾರೋ ಅವಳ ಫೋನಿಗೂ ಸಿನಿಮಾ ಕಳಿಸಿದ್ದರು. ರಜೆಯ ದಿನ ಬಸ್ಸಿನಲ್ಲಿ ಬಂದವಳು ಚಪ್ಪಲಿ ಬಿಚ್ಚದೆ ಬಾಗಿಲಲ್ಲೇ ನಿಂತಳು. ಭೂತಮ್ಮ ನಡೆದದ್ದನ್ನೆಲ್ಲ, ಆರೂವರೆಗೆ ರೈಟರ್ ಬಂದಲ್ಲಿಂದ ಹಿಡಿದು, ಎರಡನೇ ಸಲ ಬಾಯಿಬಿಟ್ಟು ಹೇಳಿದಳು. ಶಾಲಿನಿ ಪೂರ್ತಿ ಕೇಳಿದಳು.

“ಇದು ನಿಜ ಆಗಿದ್ರೆ ಇಷ್ಟು ವರ್ಷ ನನಗ್ಯಾಕೆ ಹೇಳಲಿಲ್ಲ ಅವ್ವ?”

“ಮನೆ ಹೋಗ್ಬುಡ್ತದೆ ಅಂತ ಕಣವ್ವ. ನಿನ್ ಓದು…”

“ಮನೆಗೋಸ್ಕರ ಅಪ್ಪನ್ನ ಕೊಂದೋರ ಜೊತೆ ಸುಮ್ಮನಿದ್ದೆ. ಆಮೇಲೆ ಅವರ ಮಗಳು ಕೇಳಿದಳು ಅಂತ ಆ ಮಾತನ್ನೂ ಹೇಳಿದೆ. ನೀನೇ ಕಳಿಸಿದ್ರೂ ಒಂದೇ, ಕಳಿಸದಿದ್ರೂ ಒಂದೇ.”

ಅವಳು ಅಜ್ಜಿಯನ್ನು ಕರೆದುಕೊಂಡು ಮಧ್ಯಾಹ್ನದ ಬಸ್ಸಿಗೇ ಹೋದಳು. ಮುದುಕಿಯ ಬಟ್ಟೆಗಂಟನ್ನು ಬಸ್ಸಿಗೆ ಎತ್ತಿ ಹಾಕಲು ಭೂತಮ್ಮ ಕೈ ಚಾಚಿದಾಗ ಮಾರಮ್ಮ ಗಂಟನ್ನು ಎದೆಗೆ ಒತ್ತಿಕೊಂಡಳು.

ಮುಂಗಾರು ಹಿಡಿಯುವ ಮೊದಲೇ ಭೂತಮ್ಮ ಲೈನ್ ಬಿಟ್ಟಳು. ಹೊರಡುವ ದಿನ ಮನೆಯ ಕೀಲಿಯನ್ನು ರೊಸಾರಿಯೋ ಅವರೇ ಬಂದು ಇಸಿದುಕೊಂಡರು. ಮಳೆಗಾಲದಲ್ಲಿ ಕೆಲಸ ಕೊಡುವ ತೋಟ ಹುಡುಕಿಕೊಂಡು ಅವಳು ಹೆತ್ತೂರಿನ ಕಡೆ ಹೋದಳು. ಅಲ್ಲಿ ಅವಳಿಗೆ ಸಿಕ್ಕಿದ್ದು ಸ್ಟೋರಿನ ಹಿಂದಿನ ಒಂದು ಕೋಣೆ, ನರ್ಸರಿಯಲ್ಲಿ ಚೀಲಕ್ಕೆ ಮಣ್ಣು ತುಂಬುವ ಕೆಲಸ. ಮಂಡಿ ಮಡಚಲು ಬಾರದೆ ಹಲಗೆಯ ಮೇಲೆ ಕಾಲು ನೀಡಿ ಕೂತು ತುಂಬುತ್ತಿದ್ದಳು. ಅವಳಿಗೆ ಅಲ್ಲಿ ಹಳೆಯ ಗುರುತಿನವರು ಯಾರೂ ಇರಲಿಲ್ಲ, ಅದೇ ಒಳ್ಳೆಯದೆನಿಸಿತ್ತು.

ಎರಡನೇ ವಾರ ಪಕ್ಕದಲ್ಲಿ ಕೂತು ಸಸಿ ನೆಡುತ್ತಿದ್ದ ಸ್ನೇಹಾ ಎಂಬ ಹುಡುಗಿ ಅವಳ ಮುಖವನ್ನೇ ನೋಡಿ, ಫೋನ್ ತೆಗೆದು ಏನೋ ಹುಡುಕಿ, ಮತ್ತೆ ಮುಖ ನೋಡಿದಳು.

“ಅಕ್ಕೋ, ಇದು ನೀನಲ್ವಾ?”

ಪರದೆಯಲ್ಲಿ ಭೂತಮ್ಮ ಮೆಣಸಿನ ಬಳ್ಳಿಯ ಮುಂದೆ ನಗುತ್ತಿದ್ದಳು.

“ಹೂಂ” ಎಂದಳು.

“ನಿಜವಾಗ್ಲೂ ನೀನೇ ಕಳ್ಸಿದ್ದಾ, ಆನೆ ಐತೆ ಅಂತ ಗೊತ್ತಿದ್ದೂ?”

ಭೂತಮ್ಮ ಕೈಯಲ್ಲಿದ್ದ ಚೀಲಕ್ಕೆ ಇನ್ನೊಂದು ಬೊಗಸೆ ಮಣ್ಣು ಹಾಕಿ ಅದುಮಿದಳು. ಇಲ್ಲ ಎಂದು ಅತ್ತೆಗೆ ಹೇಳಿ ಆಗಿತ್ತು, ರೈಟರಿಗೆ ಹೇಳಿ ಆಗಿತ್ತು, ಹೆತ್ತ ಮಗಳಿಗೂ ಹೇಳಿ ಆಗಿತ್ತು.

“ಹೂಂ ಕಣವ್ವ, ನಾನೇ ಕಳ್ಸಿದ್ದು” ಎಂದಳು.

ಹುಡುಗಿ ತನ್ನ ಸಸಿಗಳ ತಟ್ಟೆಯನ್ನು ಎತ್ತಿಕೊಂಡು ಹೋಗಿ ಆ ತುದಿಯಲ್ಲಿ ಕೂತಳು.