ಕಾಸೀಮಸಾಬರ ಬ್ರೇಕು, ನೂರಜಾನಬಿಯ ಲೋಟ

ಬೆಳಗಿನ ಆರು ಗಂಟೆ. ಕೊಪ್ಪಳದ ಗಂಗಾವತಿ ರಸ್ತೆಯಲ್ಲಿ ಚಹಾದ ಅಂಗಡಿಯವನು ಇನ್ನೂ ಸ್ಟವ್ ಹಚ್ಚುತ್ತಿದ್ದಾನೆ. ಅದರ ಪಕ್ಕದ ತಗಡಿನ ಶೆಡ್ಡಿನಲ್ಲಿ ಕಾಸೀಮಸಾಬರು ಆಗಲೇ ಹಳೆಯ ಸಣ್ಣ ಕಾರೊಂದರ ಮುಂದಿನ ಗಾಲಿ ಬಿಚ್ಚಿ, ಗೋಣಿಚೀಲ ಹಾಸಿಕೊಂಡು ಕುಳಿತಿದ್ದಾರೆ. ಗಾಲಿಯ ಹಿಂದೆ ಅಡಗಿರುವ, ಸಣ್ಣ ಊಟದ ತಟ್ಟೆಯಷ್ಟಗಲದ ಕಬ್ಬಿಣದ ಡಿಸ್ಕನ್ನು ಕೈಯಿಂದ ನಿಧಾನ ತಿರುಗಿಸುತ್ತ ಕಿವಿಯನ್ನು ಅದರತ್ತ ಹಿಡಿದಿದ್ದಾರೆ. ಏಳು ಗಂಟೆಯಾದರೆ ಲಾರಿಗಳ ಗದ್ದಲ ಶುರು. ಆಮೇಲೆ ಕಿವಿ ಇದ್ದೂ ಇಲ್ಲದ ಹಾಗೆ. ಅದಕ್ಕೇ ಬ್ರೇಕಿನ ಕೆಲಸವೆಲ್ಲ ಅವರಿಗೆ ಬೆಳಗಿನ ಹೊತ್ತಿನದು.

ಊರಿನಲ್ಲಿ ಎಂಜಿನ್ ಬಲ್ಲವನಿಗೆ ಹೆಸರಿದೆ, ಬಣ್ಣ ಹೊಡೆಯುವವನಿಗೆ ಹೆಸರಿದೆ. ಬ್ರೇಕಿನವನ ಹೆಸರು ಹೇಳುವವರು ಕಡಿಮೆ. ಬ್ರೇಕು ಹಿಡಿಯದ ದಿನ ಮಾತ್ರ ಹುಡುಕಿಕೊಂಡು ಬಂದು ಬೈಯುತ್ತಾರೆ. ಐವತ್ತೆಂಟರ ಕಾಸೀಮಸಾಬರಿಗೆ ಇದರ ಬಗ್ಗೆ ದೂರೇನಿಲ್ಲ. "ಗಾಡಿ ಓಡಿಸೂದು ಎಲ್ಲಾರೂ ಕಲಿಸ್ತಾರ್ರಿ. ನಿಂದ್ರಸೂದು ಯಾರರ ನೋಡಬೇಕಲ್ಲ?" ಎಂದು ನಗುತ್ತಾರೆ.

ಈಗ ಶೆಡ್ಡಿನಲ್ಲಿರುವ ಕಾರು ಇರಕಲ್ಲಗಡದ ಪಂಪಾವತಿಯವರದು. ಅವರು ನಿವೃತ್ತ ನರ್ಸು, ವಯಸ್ಸು ಅರವತ್ಮೂರು, ಕಾರಿಗೆ ಹದಿನೆಂಟು. ನಲವತ್ತೈದನೇ ವರ್ಷದಲ್ಲಿ ಕಾರು ಕಲಿತ ಈ ಹೆಣ್ಣುಮಗಳು ಮೊನ್ನೆ ಮೊನ್ನೆಯವರೆಗೂ ಊರಿನ ಬಸುರಿ, ಬಾಣಂತಿ, ಮುದುಕರನ್ನು ಕೂರಿಸಿಕೊಂಡು ಕೊಪ್ಪಳದ ಆಸ್ಪತ್ರೆಗೆ ಬರುತ್ತಿದ್ದರು. ಎರಡು ವಾರದ ಹಿಂದೆ ಪಕ್ಕದ ಸೀಟಿನಲ್ಲಿದ್ದ ತಮ್ಮ ಅಮರಪ್ಪ, ಬ್ರೇಕ್ ಒತ್ತಿದಾಗೆಲ್ಲ ಅಕ್ಕನ ಕಾಲು ನಡುಗುವುದನ್ನು ಕಂಡರು. ಮನೆ ಮುಟ್ಟಿದ ಕೂಡಲೇ ಕೀಲಿ ಕಸಿದುಕೊಂಡರು. ಕಾರಟಗಿಯ ಒಬ್ಬರಿಗೆ ಕಾರು ಮಾರುವ ಮಾತೂ ಆಗಿದೆ. ಅವರು ನಾಳೆ ಬಂದು ಒಯ್ಯುತ್ತಾರೆ. ಅಮರಪ್ಪನವರಿಗೆ ಬೈಕು ಬಿಟ್ಟರೆ ಬೇರೆ ಗಾಡಿ ಬರುವುದಿಲ್ಲ. ಹಾಗಾಗಿ ಮಾರುವ ಮುಂಚೆ ಒಮ್ಮೆ ತೋರಿಸಲು, ಇದೇ ಕೊನೆಯ ಸಲ ಎಂಬ ಕರಾರಿನ ಮೇಲೆ ಅಕ್ಕನ ಕೈಯಲ್ಲೇ ಕಾರು ತರಿಸಿ, ತಾವೂ ಜೊತೆಗೆ ಬಂದಿದ್ದಾರೆ.

"ಅಕ್ಕನ ಮ್ಯಾಲ ಸಿಟ್ಟಿಲ್ಲರಿ, ಜೀವಕ್ಕ ಹೆದರಿಕಿ," ಎನ್ನುತ್ತಾರೆ ಅಮರಪ್ಪ. ಆ ಹೆದರಿಕೆಯಲ್ಲಿ ಪ್ರೀತಿ ಇದೆ ಎಂಬುದು ಪಂಪಾವತಿಯವರಿಗೆ ಗೊತ್ತು. ಅದಕ್ಕೇ ಅವರು ಜಗಳಕ್ಕೆ ಹೋಗಿಲ್ಲ. ಆದರೆ ಈ ಎರಡು ವಾರ ಯಾರಿಗೂ ಕಾಣದಂತೆ ಅಡುಗೆಮನೆಯಲ್ಲಿ ಬಲಗಾಲೊಂದರ ಮೇಲೆಯೇ ನಿಂತು ನೋಡಿಕೊಂಡಿದ್ದಾರೆ. "ಕಾಲು ಗಟ್ಟಿ ಐತಿ ಅಂತ ಅನಸತಿತ್ತು ಕಾಸೀಮಣ್ಣ. ಆದರೂ ಎಲ್ಲಾರೂ ನಡಗತೈತಿ ಅಂದ್ರ, ಹೌದೇನೋ ಅನಸಾಕ ಹತ್ತತೈತಿ ನೋಡು," ಎನ್ನುವಾಗ ಅವರ ದನಿ ತುಸು ಸಣ್ಣದಾಗುತ್ತದೆ.

ಕಾಸೀಮಸಾಬರು ಗಾಲಿಯ ನಟ್ಟುಗಳನ್ನು ಬರೀ ಡಿಸ್ಕಿನ ಮೇಲೆ ಬಿಗಿದು, ಅದು ಅಲುಗದಂತೆ ಮಾಡುತ್ತಾರೆ. ಒಂದು ಸೀಮೆಸುಣ್ಣದ ತುಂಡನ್ನು ಡಿಸ್ಕಿಗೆ ಇನ್ನೇನು ತಾಗಬೇಕು ಎನ್ನುವಷ್ಟು ಹತ್ತಿರ ತಂತಿಯಿಂದ ಕಟ್ಟುತ್ತಾರೆ. ಡಿಸ್ಕು ನೆಟ್ಟಗಿದ್ದರೆ ಸುಣ್ಣ ಎಲ್ಲೂ ತಾಗಬಾರದು. ಒಂದು ಸುತ್ತು ತಿರುಗಿಸಿದಾಗ ಒಂದೇ ಕಡೆ, ನಾಲ್ಕು ಬೆರಳಿನಷ್ಟು ಉದ್ದಕ್ಕೆ ಬಿಳಿ ಗೀರು ಬೀಳುತ್ತದೆ. ಮತ್ತೆ ತಿರುಗಿಸಿದರೂ ಅದೇ ಜಾಗ.

"ನೋಡ್ರಿ ಅಕ್ಕಾರ, ಡಿಸ್ಕು ಸೊಟ್ಟ ಆಗೇತಿ. ಬ್ರೇಕ್ ಒತ್ತಿದಾಗ ಈ ಉಬ್ಬು, ಡಿಸ್ಕು ಹಿಡಿದು ನಿಂದ್ರಸೂ ಪ್ಯಾಡಿಗೆ ಬಡೀತೈತಿ, ಪ್ಯಾಡು ಪೆಡಲ್ಲಿಗೆ ಒದೀತೈತಿ, ಪೆಡಲ್ಲು ನಿಮ್ಮ ಕಾಲಿಗೆ ಒದೀತೈತಿ. ಕಾಲೇನು ಮಾಡಬೇಕು ಪಾಪ?"

ಅಮರಪ್ಪ ಅಷ್ಟು ಸುಲಭಕ್ಕೆ ಬಿಡುವ ಆಸಾಮಿಯಲ್ಲ. "ಡಿಸ್ಕೂ ನಡಗತಿರಬಹುದು, ಕಾಲೂ ನಡಗತಿರಬಹುದಲ್ಲರಿ ಸಾಬ್ರ?" ಎನ್ನುತ್ತಾರೆ. ಮಾತು ತಳ್ಳಿಹಾಕುವಂಥದ್ದಲ್ಲ. ಕಾಸೀಮಸಾಬರೂ ತಲೆಯಾಡಿಸುತ್ತಾರೆ.

ಡಿಸ್ಕಿನ ಮೇಲೆ ನೀರಿಳಿದಂತೆ ತುಕ್ಕಿನ ಗೆರೆಗಳಿವೆ. ಅವನ್ನು ಬೆರಳಿನಿಂದ ಸವರಿ ಅವರು ಕೇಳುವ ಪ್ರಶ್ನೆ ಹೊಸಬರಿಗೆ ವಿಚಿತ್ರ ಎನ್ನಿಸೀತು. "ಹುಲಿಗಿ ಅಮ್ಮನ ಗುಡಿಗೆ ಹೋದಾಗ ಗಾಲಿಗೆ ನೀರು ಹಾಕ್ತೀರೇನ್ರಿ?"

"ಹಾಕದ ಹೆಂಗ? ಅಮ್ಮನ ಮುಂದ ಹೋಗುವಾಗ ನಾವು ಕಾಲು ತೊಳಕೊಳ್ಳೂದಿಲ್ಲೇನು? ಅಷ್ಟು ದೂರ ಹೊತಗೊಂಡು ಬಂದ ಗಾಡಿ ಕಾಲೂ ತೊಳೀತೀನಿ. ಇಳಿದ ಕೂಡಲೇ ಒಂದೊಂದು ಗಾಲಿಗೆ ಒಂದೊಂದು ಕೊಡ."

ಹುಲಿಗಿಯಲ್ಲಿ ಜನ ಸೇರುವ ಪ್ರತಿ ಹುಣ್ಣಿಮೆ ಕಳೆದ ಮೇಲೆ ಇಂಥ ಐದಾರು ಕಾರುಗಳು ಈ ಶೆಡ್ಡಿಗೆ ಬರುತ್ತವೆ. ಹುಲಿಗಿಯ ಜನಸಂದಣಿಯಲ್ಲಿ ಹೆಜ್ಜೆಗೊಮ್ಮೆ ಬ್ರೇಕ್ ಒತ್ತಿ ಕಾದು ಕೆಂಡವಾದ ಡಿಸ್ಕಿನ ಮೇಲೆ ತಣ್ಣೀರು ಬಿದ್ದರೆ ಅದು ಸೊಟ್ಟಗಾಗದೆ ಏನು ಮಾಡೀತು? ಕಾಸೀಮಸಾಬರು ಭಕ್ತಿಯ ತಂಟೆಗೆ ಹೋಗುವುದಿಲ್ಲ. "ತೊಳೀರಿ, ಬ್ಯಾಡ ಅನ್ನೂದಿಲ್ಲ. ಮೊದಲ ಕುಂತು ಚಾ ಕುಡೀರಿ. ಅರ್ಧಾ ತಾಸು ಬಿಟ್ಟು ಗಾಡಿ ಕಾಲು ತೊಳೀರಿ. ಅಮ್ಮ ಏನೂ ಸಿಟ್ಟಾಗೂದಿಲ್ಲ."

ಕಾಸೀಮಸಾಬರ ತಂದೆ ಅಬ್ದುಲಸಾಬರು ಎತ್ತಿನ ಬಂಡಿಯ ಗಾಲಿಗಳಿಗೆ ಕಬ್ಬಿಣದ ಪಟ್ಟಿ ಕೂರಿಸುತ್ತಿದ್ದವರು. ಬಂಡಿಗಳು ಕಡಿಮೆಯಾದಾಗ ಮಗ ಹೊಸಪೇಟೆಯ ಲಾರಿ ಗ್ಯಾರೇಜು ಸೇರಿದ. ಅಲ್ಲಿ ಎಂಟು ವರ್ಷ, ಇಲ್ಲಿ ಸ್ವಂತ ಶೆಡ್ಡಿನಲ್ಲಿ ಇಪ್ಪತ್ತಾರು. ದಿನಕ್ಕೆ ನಾಲ್ಕು ಕಾರು ಬಂದರೆ ಎರಡಾದರೂ ಬ್ರೇಕಿನವು. ಪ್ಯಾಡಿನ ಕರಿ ಧೂಳು ಕುಡಿದು ಕುಡಿದು ಕೆಮ್ಮು ಅಂಟಿಕೊಂಡಿದೆ. ಈಗ ಮೂಗಿಗೆ ಬಟ್ಟೆ ಕಟ್ಟಿಕೊಳ್ಳುತ್ತಾರೆ, ಅದೂ ಹೆಂಡತಿ ನೂರಜಾನಬಿ ಗದರಿದ ಮೇಲೆ. ಹಿಂದೊಮ್ಮೆ ಗಿರಾಕಿಯ ಒತ್ತಾಯಕ್ಕೆ ಸೋತು, ಸವೆದ ಡಿಸ್ಕನ್ನೇ ಕಬ್ಬಿಣ ಹೆರೆಯುವ ಲೇತಿಗೆ ಹಾಕಿ ಇನ್ನಷ್ಟು ತೆಳ್ಳಗೆ ಮಾಡಿಕೊಟ್ಟಿದ್ದರು. ಆ ಕಾರು ಕುಷ್ಟಗಿ ದಾರಿಯಲ್ಲಿ ನಿಲ್ಲದೆ ಹೊಲಕ್ಕೆ ನುಗ್ಗಿತು. ಯಾರಿಗೂ ಏನೂ ಆಗಲಿಲ್ಲ. ಆದರೆ ಕಾಸೀಮಸಾಬರು ಎರಡು ದಿನ ಊಟ ಮಾಡಲಿಲ್ಲ. ಅಂದಿನಿಂದ ಬಿಚ್ಚಿದ ಹಳೆಯ ಡಿಸ್ಕನ್ನು ಸುತ್ತಿಗೆಯಿಂದ ಒಡೆದೇ ಗುಜರಿಗೆ ಹಾಕುತ್ತಾರೆ, ಮತ್ತೊಬ್ಬರ ಗಾಡಿಗೆ ಹೋಗಬಾರದೆಂದು.

ಪಂಪಾವತಿಯವರ ಡಿಸ್ಕೂ ಅಳತೆಗೆ ಬರುತ್ತದೆ. ಹೊಸದಿದ್ದಾಗ ಹತ್ತು ಮಿಲಿಮೀಟರ್ ದಪ್ಪ. ಎಂಟಕ್ಕಿಂತ ಇಳಿಯಬಾರದು ಎಂದು ಅದರ ಅಂಚಿನಲ್ಲೇ ಒತ್ತಿದ್ದಾರೆ. ಈಗ ಉಳಿದಿರುವುದು ಎಂಟೂಕಾಲು. ಲೇತಿಗೆ ಹಾಕುವ ಮಾತೇ ಇಲ್ಲ. ಎರಡೂ ಕಡೆ ಹೊಸ ಡಿಸ್ಕು, ಹೊಸ ಪ್ಯಾಡು. ಡಿಸ್ಕು ಕೂರುವ ಜಾಗದ ತುಕ್ಕನ್ನು ಮರಳುಕಾಗದದಿಂದ ಉಜ್ಜಿ, ಹೊಸ ಡಿಸ್ಕಿನ ಮೇಲಿನ ಎಣ್ಣೆಯನ್ನು ಚೊಕ್ಕ ಒರೆಸಿ, ನಟ್ಟುಗಳನ್ನು ಎದುರುಬದುರು ಬಿಗಿಯುವಷ್ಟರಲ್ಲಿ ಬಿಸಿಲೇರಿದೆ.

ಆಗ ಬರುತ್ತಾರೆ ನೂರಜಾನಬಿ, ಕೈಯಲ್ಲೊಂದು ಸ್ಟೀಲಿನ ಲೋಟ, ಅದರಲ್ಲಿ ಮುಕ್ಕಾಲು ನೀರು. ಈ ಶೆಡ್ಡಿನ ಕೊನೆಯ ಪರೀಕ್ಷೆ ಅವರದು. ಗಂಡ ಓಡಿಸಿ ಬ್ರೇಕ್ ಹಾಕುತ್ತಾರೆ, ಹೆಂಡತಿ ಮುಂದಿನ ಸೀಟಿನಲ್ಲಿ ಲೋಟ ಹಿಡಿದು ಕೂರುತ್ತಾರೆ. "ನೀರು ಮುಂದ ವಾಲಿದ್ರ ಅಡ್ಡಿಲ್ಲರಿ. ಜುಮುಜುಮು ನಡಗಿದ್ರ ಮಾತ್ರ ಗಾಡಿ ವಾಪಸ್ ಒಳಗ. ಇವರು ಎಷ್ಟ ಹೇಳಿದ್ರೂ ನಾ ಇಳಿಯೂದಿಲ್ಲ," ಎನ್ನುವಾಗ ಅವರ ಮುಖದಲ್ಲಿ ಹೆಡ್‌ಮಾಸ್ತರರ ಗತ್ತು.

ಇವತ್ತು ಕಾಸೀಮಸಾಬರು ಕೀಲಿಯನ್ನು ಪಂಪಾವತಿಯವರ ಕೈಗೆ ಕೊಟ್ಟು, ತಾವು ಅಮರಪ್ಪನವರ ಜೊತೆ ಹಿಂದೆ ಕೂರುತ್ತಾರೆ. ಊರಾಚೆಯ ಖಾಲಿ ರಸ್ತೆಯಲ್ಲಿ ಮೊದಲು ಮೆಲ್ಲಗೆ ಹತ್ತಾರು ಸಲ ಬ್ರೇಕ್ ಒತ್ತಿ ಹೊಸ ಪ್ಯಾಡು ಡಿಸ್ಕಿಗೆ ಹೊಂದಿಕೊಳ್ಳುವಂತೆ ಮಾಡಿಸುತ್ತಾರೆ. ಆಮೇಲೆ ಇಳಿಜಾರು. "ಈಗ ಒತ್ರಿ ಅಕ್ಕಾರ, ಅನುಮಾನ ಇಲ್ಲದ ಒತ್ರಿ."

ಪಂಪಾವತಿ ಒತ್ತುತ್ತಾರೆ. ಕಾರು ನಿಲ್ಲುತ್ತದೆ. ಲೋಟದ ನೀರು ಮುಂದಕ್ಕೆ ವಾಲಿ, ಹಿಂದಕ್ಕೆ ಬಂದು, ಸುಮ್ಮನಾಗುತ್ತದೆ. ಮತ್ತೆ ಮೂರು ಸಲ, ಮೂರು ಸಲವೂ ಹಾಗೆಯೇ. ನೂರಜಾನಬಿ ಲೋಟವನ್ನು ಹಿಂದಕ್ಕೆ ಚಾಚಿ ಅಮರಪ್ಪನವರಿಗೆ ತೋರಿಸುತ್ತಾರೆ. ಪಂಪಾವತಿಯವರ ಕಣ್ಣು ತುಂಬಿದೆ, ಆದರೆ ಕಾಲು ಪೆಡಲ್ಲಿನ ಮೇಲೆ ಭದ್ರವಾಗಿದೆ.

ಶೆಡ್ಡಿನ ಮುಂದೆ ಇಳಿದ ಮೇಲೂ ಅಮರಪ್ಪನವರಿಗೆ ಒಂದು ಮಾತು ಉಳಿದಿದೆ. "ಇವತ್ತೇನೋ ಆತು. ಇನ್ನ ಎಷ್ಟು ವರ್ಷ ನಂಬಬಹುದ್ರಿ ಅಕ್ಕನ್ನ?"

"ನಾ ಡಾಕ್ಟರ್ ಅಲ್ಲರಿ," ಎನ್ನುತ್ತಾರೆ ಕಾಸೀಮಸಾಬರು, ಮೂಗಿನ ಬಟ್ಟೆ ಬಿಚ್ಚುತ್ತ. "ಆದರ ಒಂದು ಹೇಳತೀನಿ. ಮೂವತ್ತು ವರ್ಷ ಆತು, ಯಾರ ಗಾಡ್ಯಾಗ ಕುಂತ್ರೂ ನನಗ ಕಣ್ಣು ಹತ್ತಿಲ್ಲ. ಬ್ರೇಕ್ ಒತ್ತಿದಾಗೊಮ್ಮೆ ಎಚ್ಚರ. ಬರೂ ಹುಣ್ಣಿಮಿಗೆ ಅಕ್ಕಾರು ನನ್ನೂ ನಮ್ಮ ಮನಿಯಾಕೀನೂ ಹುಲಿಗಿಗೆ ಕರಕೊಂಡು ಹೋಗಲಿ. ದಾರಿ ತುಂಬ ನಿದ್ದಿ ಮಾಡಬೇಕಂತ ಆಸೆ ಐತಿ."

ಅಮರಪ್ಪ ಜೇಬಿನಿಂದ ಫೋನ್ ತೆಗೆದು ಕಾರಟಗಿಯ ನಂಬರ್ ಒತ್ತುತ್ತಾರೆ.

"ನಾಳೆ ಬರಬ್ಯಾಡ್ರಿ. ಗಾಡಿ ಕೊಡೂದಿಲ್ಲ. ಯಾಕಂದ್ರ, ಹುಣ್ಣಿಮಿಗೆ ಬೇಕಾಗೇತ್ರಿ. ನಮ್ಮ ಕಾಸೀಮಸಾಬ್ರು ನಿದ್ದಿ ಮಾಡೂದೈತಿ."